ಟಾರ್ಚಿನ ಲಿಥಿಯಂ ಸೆಲ್ಲು: ಕೊಳ್ಳುವಾಗಲೂ ಮರುಬಳಸುವಾಗಲೂ ಎಚ್ಚರ

ವೈಜಾಪುರದ ಒಂದು ಮಂಗಲ ಕಾರ್ಯಾಲಯದಲ್ಲಿ ರಾತ್ರಿ ಊಟದ ಮೂರನೇ ಪಂಕ್ತಿ ಕುಳಿತಿತ್ತು. ಹಿಂದೆ ಅಡುಗೆ ಚಪ್ಪರದಲ್ಲಿ ಎರಡು ಬಾಣಲೆಗಳಲ್ಲಿ ಎಣ್ಣೆ ಕಾಯುತ್ತಿದ್ದಾಗ "ಲೈಟ್ ಗೇಲಿ" ಎಂಬ ಕೂಗು ಕೇಳಿತು. ಜನರೇಟರ್ ಹುಡುಗ ಊಟಕ್ಕೆ ಹೋಗಿದ್ದ. ನಾನು ಹೊಸ ಟಾರ್ಚ್ ಒತ್ತಿದೆ. ಎರಡು ನಿಮಿಷ ಜೋರಾಗಿ ಉರಿದು ಕೆಂಡದಂತಾಗಿ ಆರಿಹೋಯಿತು. "ಅಣ್ಣಾ, ನೀವು ಇತ್ತ ಬರಬೇಡಿ, ಎಣ್ಣೆ ಇದೆ" ಎಂದು ಭಟ್ಟರು ಕೂಗಿಕೊಂಡರು. ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಜಾಲರಿ ಹಿಡಿದು ಅವರು ಪೂರಿ ತೆಗೆದರು. ಒಬ್ಬ ಹುಡುಗನ ಮಣಿಕಟ್ಟಿಗೆ ಎಣ್ಣೆ ಸಿಡಿದದ್ದು ಬಿಟ್ಟರೆ ದೊಡ್ಡ ಅನಾಹುತವಾಗಲಿಲ್ಲ. ಆ ಟಾರ್ಚಿನ ಸೆಲ್ಲಿನ ಮೇಲೆ 9900 ಎಂಎಎಚ್ ಎಂದು ಅಚ್ಚಾಗಿತ್ತು. ಮರುದಿನ ಮಸಾಲೆ ತೂಗುವ ತಕ್ಕಡಿಯಲ್ಲಿಟ್ಟೆ. ತೂಕ 27 ಗ್ರಾಂ. ಅಲ್ಲಿಗೆ ಗುಟ್ಟು ರಟ್ಟಾಯಿತು.

ನಮ್ಮ ಊರ ಕಡೆ ಟಾರ್ಚಿಗೇ 'ಬ್ಯಾಟ್ರಿ' ಎನ್ನುವ ರೂಢಿ ಇರುವುದರಿಂದ ಗೊಂದಲ ಬೇಡ. ಈ ಲೇಖನದಲ್ಲಿ ದೀಪಕ್ಕೆ ಟಾರ್ಚ್ ಎಂದೂ ಒಳಗಿನದಕ್ಕೆ ಸೆಲ್ಲು ಎಂದೂ ಹೇಳುತ್ತೇನೆ. 2005ರಿಂದ ಕೆಲವು ವರ್ಷ ಲೋಡ್ ಶೆಡ್ಡಿಂಗ್ ಕಾಲದಲ್ಲಿ ಮಹಾರಾಷ್ಟ್ರದ ಸಣ್ಣ ಊರುಗಳಲ್ಲಿ ಹೋಟೆಲ್ ನಡೆಸಿದವರಿಗೆ ಸೀಸದ ಬ್ಯಾಟರಿಯ ಎಮರ್ಜೆನ್ಸಿ ಲೈಟ್ ನೆನಪಿರಬಹುದು. ಅದು ಭಾರವಾಗಿತ್ತು, ಆದರೆ ಕೆಟ್ಟರೆ ಸುಮ್ಮನೆ ಕೆಡುತ್ತಿತ್ತು. ಲಿಥಿಯಂ ಹಾಗಲ್ಲ. ಬೆರಳುದ್ದದ ಸೆಲ್ಲಿನಲ್ಲಿ ಬಹಳ ಶಕ್ತಿ ತುಂಬಿರುತ್ತದೆ, ಜೊತೆಗೆ ಒಳಗಿನ ದ್ರವ ಹತ್ತಿಕೊಳ್ಳುವ ಜಾತಿಯದು. ಸೋನಿ ಕಂಪನಿ 1991ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅದೇ ಕಂಪನಿಯ ಸೆಲ್ಲುಗಳಿದ್ದ ಸುಮಾರು 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಬೆಂಕಿಯ ಭಯದಿಂದ ಡೆಲ್ ಕಂಪನಿ 2006ರಲ್ಲಿ ವಾಪಸು ಕರೆಸಬೇಕಾಯಿತು. ಅಂಥ ದೊಡ್ಡವರಿಗೇ ಹೀಗಾದರೆ ಸಂತೆಯ ಸೆಲ್ಲಿನ ಮಾತು ಬೇರೆ ಹೇಳಬೇಕಾಗಿಲ್ಲ.

ಟಾರ್ಚ್‌ಗಳಲ್ಲಿ ಹೆಚ್ಚಾಗಿ ಬರುವುದು 18650 ಎಂಬ ಸೆಲ್ಲು. ಅಂಕಿಯೇ ಅಳತೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಈ ಗಾತ್ರದಲ್ಲಿ ಒಳ್ಳೆಯ ಕಂಪನಿಯ ಸೆಲ್ಲಿಗೂ ಸಾಮರ್ಥ್ಯ 3500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತದೆ. 5000, 9900 ಎಂದು ಬರೆದಿದ್ದರೆ ಅದು ಹಸಿ ಸುಳ್ಳು. ಅಸಲಿ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ. 30 ಗ್ರಾಂಗಿಂತ ಕಡಿಮೆ ಇದ್ದರೆ ಒಳಗೆ ಮಾಲೇ ಇಲ್ಲ ಎಂದರ್ಥ. ಹಾಲಿನ ಲ್ಯಾಕ್ಟೋಮೀಟರ್ ಇಟ್ಟುಕೊಂಡಿರುವ ನಾವು ಸೆಲ್ಲನ್ನು ತೂಗದೆ ಕೊಳ್ಳುವುದು ತಮಾಷೆಯೇ ಸರಿ. ತೂಕದ ಜೊತೆಗೆ ಬಿಐಎಸ್ ಗುರುತು, ಐಎಸ್ 16046 ಮತ್ತು 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಪಕ್ಕಾ ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ.

ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ಲು ಕೇಳಿ ಕೊಳ್ಳುವುದು ಮೇಲು. ಅತಿಯಾಗಿ ಚಾರ್ಜ್ ಆದರೆ, ಪೂರ್ತಿ ಬರಿದಾಗತೊಡಗಿದರೆ ಅಥವಾ ಶಾರ್ಟ್ ಆದರೆ ಅದು ತಾನೇ ಕಡಿತಗೊಳಿಸುತ್ತದೆ. ಇಂಥ ಸೆಲ್ಲು ಮೂರು ನಾಲ್ಕು ಮಿ.ಮೀ. ಉದ್ದ ಇರುವುದರಿಂದ ಟಾರ್ಚನ್ನು ಜೊತೆಗೇ ಒಯ್ದು ಹಾಕಿ ನೋಡಿ. ಇನ್ನೊಂದು ತಪ್ಪು ನಮ್ಮ ಹುಡುಗರು ಮಾಡುತ್ತಾರೆ. ಪೆನ್ ಸೆಲ್ಲಿನ ಗಾತ್ರದ್ದೇ ಲಿಥಿಯಂ ಸೆಲ್ಲು ಬರುತ್ತದೆ, ಹೆಸರು 14500. ಪೆನ್ ಸೆಲ್ಲು ಒಂದೂವರೆ ವೋಲ್ಟ್, ಇದು 3.7. ಗಡಿಯಾರಕ್ಕೋ ಹಳೆಯ ಟಾರ್ಚಿಗೋ ತುರುಕಿದರೆ ಸುಟ್ಟುಹೋಗುತ್ತದೆ.

ಫಾಸ್ಫೇಟ್ ಜಾತಿಯ ಲಿಥಿಯಂ ಸೆಲ್ಲು ಬೇರೆ, ಅದು 3.2 ವೋಲ್ಟಿನದು. ಬಿಸಿಯನ್ನು ಹೆಚ್ಚು ತಾಳುತ್ತದೆ, ಆದರೆ ಬೆಳಕಿನ ಹೊತ್ತು ಕಡಿಮೆ, ಎಲ್ಲ ಟಾರ್ಚಿಗೂ ಹೊಂದುವುದಿಲ್ಲ. ಇದಕ್ಕೆ 3.65 ವೋಲ್ಟಿಗೆ ನಿಲ್ಲುವ ಚಾರ್ಜರ್ ಬೇಕು. ಮಾಮೂಲಿ ಸೆಲ್ಲಿನ 4.2 ವೋಲ್ಟ್ ಚಾರ್ಜರಿಗೆ ಹಾಕಕೂಡದು.

ಇನ್ನು ಮರುಬಳಕೆ. ಹಳೆಯ ಲ್ಯಾಪ್‌ಟಾಪಿನ ದಪ್ಪ ಬ್ಯಾಟರಿಯೊಳಗೆ ಸಾಮಾನ್ಯವಾಗಿ ಆರು 18650 ಸೆಲ್ಲುಗಳಿರುತ್ತವೆ. ಒಂದು ಜೋಡಿ ಸೋತರೂ ಇಡೀ ಬ್ಯಾಟರಿ ನಿಂತುಬಿಡುತ್ತದೆ. ಉಳಿದ ನಾಲ್ಕು ಚೆನ್ನಾಗಿರಬಹುದು. ಇದನ್ನೇ ರಿಪೇರಿಯವರು ತೆಗೆದು ಟಾರ್ಚಿಗೆ ಹಾಕಿಕೊಡುವುದು. ತಪ್ಪೇನಿಲ್ಲ, ಆದರೆ ಸ್ಕ್ರೂಡ್ರೈವರ್ ಹಿಡಿದು ನಾವೇ ಒಡೆಯಲು ಹೋಗಬಾರದು. ಮೊನೆ ತಾಗಿ ತೂತಾದರೆ ಕೈಯಲ್ಲೇ ಉರಿಯುತ್ತದೆ. ಹೊಸ ತೆಳು ಲ್ಯಾಪ್‌ಟಾಪಿನ ಚಪ್ಪಟೆ ಬ್ಯಾಟರಿ ಟಾರ್ಚಿಗೆ ಉಪಯೋಗವಿಲ್ಲ, ಉಬ್ಬಿದ್ದರೆ ಮುಟ್ಟಲೂ ಬೇಡಿ.

ಬಿಡಿಸಿ ತಂದ ಸೆಲ್ಲನ್ನು ಮೊದಲು ಕಣ್ಣಿನಿಂದ ನೋಡಿ. ತುಕ್ಕು, ತಗ್ಗು, ಸಿಹಿಯಾದ ದ್ರಾವಕದ ವಾಸನೆ, ಯಾವುದಿದ್ದರೂ ಬೇಡ. ಮೇಲಿನ ಪ್ಲಾಸ್ಟಿಕ್ ಪೊರೆ ಹರಿದಿದ್ದರೆ ಹೊಸ ಪೊರೆ ಹಾಕಿಸಬೇಕು. ಏಕೆಂದರೆ ಸೆಲ್ಲಿನ ಇಡೀ ಮೈ ಮೈನಸ್. ಪ್ಲಸ್ ಗುಂಡಿಯ ಸುತ್ತಲಿನ ಕಾಗದದ ಬಳೆ ಹರಿದಿದ್ದರೂ ಶಾರ್ಟ್ ಆಗುತ್ತದೆ. ಆಮೇಲೆ ಮಲ್ಟಿಮೀಟರ್ ಹಿಡಿಯಿರಿ. ಎರಡೂವರೆ ವೋಲ್ಟಿಗಿಂತ ಕೆಳಗಿದ್ದರೆ ಆಸೆ ಬಿಡಿ. ಅಷ್ಟು ಬರಿದಾಗಿ ಬಿದ್ದಿದ್ದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗಿ, ಮುಂದೆ ಚಾರ್ಜ್ ಮಾಡಿದಾಗ ಒಳಗೊಳಗೇ ಶಾರ್ಟ್ ಆಗುವ ಅಪಾಯವಿದೆ. ಕೆಲವರು ಇಂಥದ್ದಕ್ಕೆ ಜೀವ ತುಂಬಿಸಿಕೊಡುತ್ತೇನೆ ಎನ್ನುತ್ತಾರೆ. ಕೈಮುಗಿದು ಬೇಡವೆನ್ನಿ.

ವೋಲ್ಟ್ ಸರಿಯಿದ್ದರೆ ಅರ್ಧ ಆಂಪಿಯರಿನಲ್ಲಿ ನಿಧಾನವಾಗಿ, ಹಗಲಿನಲ್ಲಿ, ಕಲ್ಲಿನ ನೆಲದ ಮೇಲೆ, ಎದುರಿಗೆ ಕುಳಿತು ಚಾರ್ಜ್ ಮಾಡಿಸಿ. ಕೈಗೆ ಉಗುರುಬೆಚ್ಚಗಿಂತ ಹೆಚ್ಚು ಬಿಸಿ ತಾಗಿದರೆ ಅಲ್ಲಿಗೇ ನಿಲ್ಲಿಸಿ. 4.2 ವೋಲ್ಟ್ ತುಂಬಿದ ಸೆಲ್ಲನ್ನು ಎರಡು ವಾರ ಹಾಗೇ ಇಟ್ಟು ಮತ್ತೆ ಅಳೆಯಿರಿ. 4.1ಕ್ಕಿಂತ ಕೆಳಗೆ ಇಳಿದಿದ್ದರೆ ಅದು ಒಳಗೇ ಸೋರುತ್ತಿದೆ. ನಿಂತಿದ್ದರೆ ಸಾಮರ್ಥ್ಯ ಅಳೆಯುವ ಚಾರ್ಜರಿನಲ್ಲಿ ನೋಡಿ. ಮೂಲದ ಮುಕ್ಕಾಲು ಪಾಲೂ ಉಳಿದಿಲ್ಲದಿದ್ದರೆ ಹೋಟೆಲ್ ಕೆಲಸಕ್ಕೆ ಬೇಡ. ಹೀಗೆ ಪಾಸಾದದ್ದನ್ನೂ ಒಂದೇ ಸೆಲ್ಲಿನ ಟಾರ್ಚಿಗೆ ಮಾತ್ರ ಹಾಕಿ. ಎರಡು ಸೆಲ್ಲು ಸಾಲಾಗಿ ಕೂರುವ ಟಾರ್ಚಿನಲ್ಲಿ ಒಂದು ಹಳತು, ಒಂದು ಹೊಸತು ಸೇರಿದರೆ ದುರ್ಬಲವಾದದ್ದು ಪೂರ್ತಿ ಬರಿದಾಗಿ ಉಲ್ಟಾ ಚಾರ್ಜ್ ಆಗಲು ತೊಡಗುತ್ತದೆ.

ನನ್ನನ್ನು ಕೇಳಿದರೆ, ಇಷ್ಟೆಲ್ಲ ಪರೀಕ್ಷೆಗೆ ವ್ಯವಧಾನ ಇರುವವರು ಗೋದಾಮಿಗೋ ಮನೆಗೋ ಹಳೆಯ ಸೆಲ್ಲು ಇಟ್ಟುಕೊಳ್ಳಲಿ. ಅಡುಗೆಮನೆಯ ಟಾರ್ಚಿಗೆ ಮಾತ್ರ ಹೊಸತೇ ಇರಲಿ. ಉಳಿಯುವ ಕೆಲವು ನೂರು ರೂಪಾಯಿಗೆ ಒಂದು ಬಾಣಲೆ ಎಣ್ಣೆಯೂ ಬರುವುದಿಲ್ಲ.

ಚಾರ್ಜಿಂಗ್ ಜಾಗದ ವಿಷಯ ಮರೆಯಬಾರದು. ಲಿಥಿಯಂ ಸೆಲ್ಲನ್ನು 45 ಡಿಗ್ರಿ ಮೀರಿದ ಜಾಗದಲ್ಲಿ ಚಾರ್ಜ್ ಮಾಡಕೂಡದು. ಮೇ ತಿಂಗಳಲ್ಲಿ ವೈಜಾಪುರದ ಹೊರಗಿನ ಬಿಸಿಲೇ 40 ದಾಟುತ್ತದೆ. ಒಲೆಯ ಪಕ್ಕದ ಗೋಡೆಯ ಪ್ಲಗ್ಗಿನ ಹತ್ತಿರ ಎಷ್ಟಿರುತ್ತದೆ ಎಂದು ನಿಮಗೇ ಗೊತ್ತು. ಗಲ್ಲಾ ಹತ್ತಿರ, ಸಿಲಿಂಡರ್ ಸಾಲಿನಿಂದ ದೂರ, ಕಣ್ಣಿಗೆ ಬೀಳುವ ಕಡೆ ಇರಲಿ. ರಾತ್ರಿ ಶಟರ್ ಎಳೆದು ಚಾರ್ಜಿಗೆ ಇಟ್ಟು ಹೋಗಬೇಡಿ. ಬಿಡಿ ಸೆಲ್ಲನ್ನು ಚಿಲ್ಲರೆ, ಬೀಗದ ಕೈ ಇರುವ ಜೇಬಿಗೆ ಹಾಕುವ ಅಭ್ಯಾಸವನ್ನು ಸಪ್ಲೈಯರ್ ಹುಡುಗರಿಗೆ ಬಿಡಿಸಿ; ಪ್ಲಾಸ್ಟಿಕ್ ಡಬ್ಬಿ ಕೊಡಿ. ಬಹಳ ದಿನ ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿಟ್ಟು ಮೂರು ತಿಂಗಳಿಗೊಮ್ಮೆ ನೋಡಿ.

ಗ್ಯಾಸ್ ವಾಸನೆ ಬಂದಾಗ ಮೊದಲು ಟಾರ್ಚ್ ಒತ್ತುವ ಅಭ್ಯಾಸವಂತೂ ಬಹಳ ಅಪಾಯ. ಮಾಮೂಲಿ ಟಾರ್ಚಿನ ಸ್ವಿಚ್ಚಿನ ಕಿಡಿಯೂ ಸಾಕು. ಯಾವ ಸ್ವಿಚ್ಚನ್ನೂ ಮುಟ್ಟದೆ ಜನರನ್ನು ಹೊರಗೆ ಕಳಿಸಿ, ಬಾಗಿಲು ತೆರೆದು, ಕೈಗೆಟುಕಿದರೆ ಸಿಲಿಂಡರ್ ವಾಲ್ವ್ ಮುಚ್ಚಿ, ಹೊರಗೆ ದೂರ ಹೋಗಿ 1906ಕ್ಕೆ ಫೋನ್ ಮಾಡಿ. ಸೆಲ್ಲಿಗೇ ಬೆಂಕಿ ಹತ್ತಿ ಹೊಗೆ ಬಂದರೆ ಆ ಹೊಗೆ ವಿಷ, ಉಸಿರಾಡಬಾರದು. ಹತ್ತಿರ ಕಾದ ಎಣ್ಣೆಯಾಗಲಿ ಕರೆಂಟಿನ ವೈರಾಗಲಿ ಇಲ್ಲದಿದ್ದರೆ ದೂರದಿಂದ ಧಾರಾಳ ನೀರು ಸುರಿಯಿರಿ. ಪೌಡರ್ ಸಿಲಿಂಡರಿನಿಂದ ಜ್ವಾಲೆ ಆರಿದರೂ ಒಳಗಿನ ಬಿಸಿ ಇಳಿಯದೆ ಮತ್ತೆ ಹತ್ತಿಕೊಳ್ಳಬಹುದು.

ಸತ್ತ ಸೆಲ್ಲನ್ನು ಘಂಟಾಗಾಡಿಯ ಕಸಕ್ಕೆ ಹಾಕಬೇಡಿ. ಗಾಡಿಯಲ್ಲಿ ಒತ್ತಿಕೊಂಡು ಉರಿಯಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸಿ ವಿಲೇವಾರಿ ಮಾಡಿಸುವ ಹೊಣೆ ತಯಾರಕರದ್ದು. ಎರಡೂ ತುದಿಗೆ ಟೇಪ್ ಸುತ್ತಿ ಡಬ್ಬಿಯಲ್ಲಿ ಕೂಡಿಟ್ಟು, ಛತ್ರಪತಿ ಸಂಭಾಜಿನಗರಕ್ಕೋ ನಾಸಿಕಕ್ಕೋ ಸಾಮಾನು ತರಲು ಹೋದಾಗ ಇ-ತ್ಯಾಜ್ಯ ಕೊಳ್ಳುವವರಿಗೆ ಕೊಟ್ಟುಬನ್ನಿ.

ನಾಸಿಕದ ಸಿಂಹಸ್ಥ ಕುಂಭಮೇಳ 2015ರ ನಂತರ 2026-27ರದು. ಅಲ್ಲಿ ಬಯಲಿನಲ್ಲಿ ಚಪ್ಪರ ಹಾಕಿ ಅಡುಗೆ ಗುತ್ತಿಗೆ ಹಿಡಿಯುವವರು ಒಂದು ಒಲೆಗೊಂದು ಟಾರ್ಚ್, ಟಾರ್ಚಿಗೆರಡು ಸೆಲ್ಲು ಎಂದು ಲೆಕ್ಕ ಹಾಕಿಕೊಳ್ಳಿ. ಅಂಗಡಿಗೆ ಹೋಗುವಾಗ ಮಸಾಲೆ ತಕ್ಕಡಿ ಜೊತೆಗಿರಲಿ.