ತಾಯ್ತನವನ್ನೂ ನೋಡಿ ಕಲಿಯಬೇಕು



"ಹೆತ್ತ ಮೇಲೆ ಎಲ್ಲಾ ತಾನಾಗಿಯೇ ಬರುತ್ತೆ ಬಿಡು" ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಬಸುರಿ ಹೆಣ್ಣುಮಗಳಿಗೆ ಧೈರ್ಯ ತುಂಬಲು ಹಿರಿಯರು ಹೇಳುವ ಮಾತು ಇದು. ಇದರಲ್ಲಿ ಅರ್ಧ ಸತ್ಯವಿದೆ. ಮಗುವಿನ ಮೇಲಿನ ಮಮತೆ ಹೆಚ್ಚಿನವರಿಗೆ ತಾನಾಗಿಯೇ ಬರುತ್ತದೆ, ಕೆಲವರಿಗೆ ಸ್ವಲ್ಪ ದಿನ ಕಳೆದು ಬರುತ್ತದೆ. ಆದರೆ ಮಗುವನ್ನು ಎದೆಗೆ ಹಿಡಿಯುವುದು, ಮೀಯಿಸುವುದು, ಅದು ಯಾಕೆ ಅಳುತ್ತಿದೆ ಎಂದು ತಿಳಿಯುವುದು, ಹಟ ಮಾಡುವ ಮಗುವನ್ನು ಹೊಡೆಯದೆ ಸಮಾಧಾನ ಮಾಡುವುದು, ಇವೆಲ್ಲ ಕೆಲಸಗಳು. ಕೆಲಸ ಎಂದ ಮೇಲೆ ಕಲಿಯಲೇಬೇಕು. ರೊಟ್ಟಿ ತಟ್ಟುವುದನ್ನು ಯಾರೂ ಹೊಟ್ಟೆಯಲ್ಲೇ ಕಲಿತು ಬರುವುದಿಲ್ಲ. ಅಮ್ಮನ ಪಕ್ಕ ಕುಳಿತು, ಅವಳ ಕೈ ನೋಡಿ, ನಾಲ್ಕು ರೊಟ್ಟಿ ಹರಿದ ಮೇಲೆ ಐದನೆಯದು ದುಂಡಗಾಗುತ್ತದೆ. ತಾಯ್ತನವೂ ಹಾಗೆಯೇ.

ನಾವು ಗೃಹಭೇಟಿಗೆ ಹೋದಾಗ ಚೊಚ್ಚಲ ಬಾಣಂತಿಯರು "ನಂಗೇನೂ ಗೊತ್ತಾಗ್ತಿಲ್ಲ ಸಿಸ್ಟರ್, ನಾನೆಂಥಾ ತಾಯಿ" ಎಂದು ಕಣ್ಣೀರು ಹಾಕುವುದನ್ನು ನೋಡುತ್ತೇವೆ. ಅವರಲ್ಲಿ ಯಾವ ಕೊರತೆಯೂ ಇಲ್ಲ. ಅವರಿಗೆ ತೋರಿಸಿಕೊಡುವವರು ಇರಲಿಲ್ಲ, ಅಷ್ಟೆ.

ಮೊದಲು ಹೇಗೆ ಕಲಿಯುತ್ತಿದ್ದೆವು?

ಹಿಂದೆ ಮನೆ ತುಂಬಾ ಜನ. ಅಕ್ಕನ ಬಾಣಂತನ, ಅತ್ತಿಗೆಯ ಬಾಣಂತನ, ಪಕ್ಕದ ಮನೆಯವರ ಬಾಣಂತನ ನೋಡುತ್ತಲೇ ಹುಡುಗಿ ಬೆಳೆಯುತ್ತಿದ್ದಳು. ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ಓಡಾಡುತ್ತಿದ್ದಳು. ಯಾರೂ ಕೂರಿಸಿಕೊಂಡು ಪಾಠ ಮಾಡಲಿಲ್ಲ, ಆದರೂ ಪಾಠ ನಡೆಯುತ್ತಲೇ ಇತ್ತು.

ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರನ್ನು ನೀವು ಕೇಳಿರಬಹುದು. ಅವರು ಶಾಲೆ ಕಲಿತವರಲ್ಲ. ಸೂಲಗಿತ್ತಿಯಾಗಿದ್ದ ತಮ್ಮ ಅಜ್ಜಿಯ ಜೊತೆಗಿದ್ದು, ಕೈಕೆಲಸ ನೋಡಿ ನೋಡಿ ಕಲಿತವರು. ಆಸ್ಪತ್ರೆ ದೂರವಿದ್ದ ಹಳ್ಳಿಗಳಲ್ಲಿ ಹಣ ಕೇಳದೆ ಸಾವಿರಾರು ಹೆರಿಗೆ ಮಾಡಿಸಿದರು, ತಮ್ಮ ವಿದ್ಯೆಯನ್ನು ಬೇರೆಯವರಿಗೂ ಕಲಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಇಂದು ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬ ಹೆಂಗಸಿನಿಂದ ಇನ್ನೊಬ್ಬ ಹೆಂಗಸಿಗೆ ವಿದ್ಯೆ ಹೇಗೆ ದಾಟುತ್ತದೆ ಎನ್ನುವುದಕ್ಕೆ ಅವರ ಬದುಕೇ ಸಾಕ್ಷಿ.

ಈಗ ಕಾಲ ಬದಲಾಗಿದೆ. ಕುಟುಂಬಗಳು ಚಿಕ್ಕದಾಗಿವೆ. ಗಾರ್ಮೆಂಟ್ಸ್ ಕೆಲಸಕ್ಕೆ, ಕಟ್ಟಡ ಕೆಲಸಕ್ಕೆ ಊರು ಬಿಟ್ಟು ಹೋದವರು ಒಂದೇ ಕೋಣೆಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇರುತ್ತಾರೆ. ಎಷ್ಟೋ ಹುಡುಗಿಯರು ಮೊಟ್ಟಮೊದಲು ಎತ್ತಿಕೊಳ್ಳುವ ಎಳೆಗೂಸು ಅವರದೇ ಕೂಸಾಗಿರುತ್ತದೆ. ಆಸ್ಪತ್ರೆಯಿಂದ ಎರಡು ಮೂರು ದಿನದಲ್ಲಿ ಮನೆಗೆ ಕಳುಹಿಸುತ್ತಾರೆ. ಆಮೇಲೆ ಅವಳ ಗುರು ಯಾರು? ಮೊಬೈಲಿನ ವಿಡಿಯೋ, ಇಲ್ಲವೇ ಅಂಗಡಿಯ ಡಬ್ಬ.

ನೋಡಿ ಕಲಿಯುವುದೆಂದರೆ ಏನು?

ಎದೆಹಾಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. "ನಂಗೆ ಹಾಲೇ ಇಲ್ಲ" ಎನ್ನುವ ಬಾಣಂತಿಯರಲ್ಲಿ ಹೆಚ್ಚಿನವರಿಗೆ ಹಾಲು ಬರುವ ಶಕ್ತಿ ಇರುತ್ತದೆ. ಮಗುವನ್ನು ಹಿಡಿಯುವ ರೀತಿ ಸರಿಯಿರುವುದಿಲ್ಲ. ಮಗು ಮೊಲೆತೊಟ್ಟನ್ನು ಮಾತ್ರ ಚೀಪಿದರೆ ತಾಯಿಗೆ ನೋವು, ಮಗುವಿಗೆ ಹಸಿವು. ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಗಲ್ಲ ಎದೆಗೆ ತಾಗಿರಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು ಊರುತ್ತದೆ. ಹಾಗಾಗಿ ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಸಬೇಕು. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯುತ್ತಾ, ತೂಕ ಏರುತ್ತಾ ಇದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ.

ಇದನ್ನು ನಾವು ಇಲ್ಲಿ ನಾಲ್ಕು ಸಾಲಿನಲ್ಲಿ ಬರೆದೆವು. ಆದರೆ ಎರಡು ಮಕ್ಕಳಿಗೆ ಹಾಲುಣಿಸಿದ ಅಕ್ಕ ಒಬ್ಬಳು ಪಕ್ಕದಲ್ಲಿ ಕುಳಿತು, "ಹೀಗಲ್ಲಮ್ಮ, ಮಗೂನ ನಿನ್ನ ಕಡೆ ಪೂರ್ತಿ ತಿರುಗಿಸು, ನೀನು ಬಗ್ಗಬೇಡ, ಕೂಸನ್ನೇ ಹತ್ತಿರ ತಗೋ" ಎಂದು ಕೈ ಹಿಡಿದು ತೋರಿಸಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಅವಳು ಇನ್ನೊಂದು ಮಾತನ್ನೂ ಹೇಳುತ್ತಾಳೆ: "ನಂಗೂ ಮೊದ್ಲು ಹಂಗೇ ಆಗಿತ್ತು ಕಣೇ." ಯಾವ ಪುಸ್ತಕವೂ ಈ ಧೈರ್ಯ ಕೊಡಲಾರದು.

ಜಾರ್ಖಂಡ್ ಮತ್ತು ಒಡಿಶಾದ ಮಹಿಳೆಯರು ಮಾಡಿ ತೋರಿಸಿದ್ದು

ಹೀಗೆ ಒಬ್ಬರಿಂದೊಬ್ಬರು ಕಲಿತರೆ ನಿಜವಾಗಿಯೂ ಪ್ರಯೋಜನವಿದೆಯೇ? ಇದೆ. ಅದನ್ನು ಲೆಕ್ಕ ಹಾಕಿಯೇ ನೋಡಿದ್ದಾರೆ. 2005ರಿಂದ 2008ರವರೆಗೆ ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳಲ್ಲಿ 'ಏಕ್‌ಜುಟ್' ಎಂಬ ಸಂಸ್ಥೆ 244 ಮಹಿಳಾ ಗುಂಪುಗಳ ಜೊತೆ ಕೆಲಸ ಮಾಡಿತು. ಇವುಗಳಲ್ಲಿ ಹೆಚ್ಚಿನವು ಮೊದಲೇ ಇದ್ದ ಗುಂಪುಗಳು, ನಮ್ಮಂತೆಯೇ ಉಳಿತಾಯ, ಸಾಲ ಎಂದು ಸೇರುತ್ತಿದ್ದ ಹೆಂಗಸರು. ಬಹಳಷ್ಟು ಜನ ಆದಿವಾಸಿಗಳು, ಓದು ಬರಹ ಬಾರದವರು. ಸಭೆ ನಡೆಸುತ್ತಿದ್ದವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಅದೇ ಸೀಮೆಯ ಒಬ್ಬ ಹೆಂಗಸು. ತಿಂಗಳಿಗೊಂದು ಸಭೆಯಂತೆ 20 ಸಭೆಗಳು ನಡೆದವು.

ಅಲ್ಲಿ ಭಾಷಣ ಇರಲಿಲ್ಲ. ಚಿತ್ರಪಟ, ಕಥೆ, ಆಟ ಇದ್ದವು. "ನಮ್ಮೂರಲ್ಲಿ ಆ ಕೂಸು ಯಾಕೆ ಸತ್ತಿತು?" ಎಂದು ಕೇಳಿಕೊಂಡರು. ಒಂದು ಉತ್ತರ ಬಂದರೆ "ಅದು ಯಾಕೆ?" ಎಂದು ಮತ್ತೆ ಕೇಳಿಕೊಂಡರು. ಕೊನೆಗೆ ನಾವೇನು ಮಾಡಬಹುದು ಎಂದು ತಾವೇ ತೀರ್ಮಾನಿಸಿ, ತಾವೇ ಮಾಡಿದರು. ಹೆರಿಗೆ ಮಾಡಿಸುವವರು ಸೋಪಿನಿಂದ ಕೈ ತೊಳೆಯುವುದು, ಹೊಕ್ಕುಳಬಳ್ಳಿ ಕಟ್ಟಲು ಕುದಿಸಿದ ದಾರ ಬಳಸುವುದು, ಎದೆಹಾಲನ್ನು ಮಾತ್ರ ಕೊಡುವುದು ಹೆಚ್ಚಾಯಿತು.

ಫಲ ಏನಾಯಿತು ಗೊತ್ತೇ? ಗುಂಪುಗಳಿಲ್ಲದ ಪ್ರದೇಶಕ್ಕೆ ಹೋಲಿಸಿದರೆ ಹುಟ್ಟಿದ 28 ದಿನದೊಳಗೆ ಸಾಯುವ ಶಿಶುಗಳ ಪ್ರಮಾಣ ಮೂರು ವರ್ಷದಲ್ಲಿ ಶೇಕಡ 32ರಷ್ಟು ಕಡಿಮೆಯಾಯಿತು. ಕೊನೆಯ ಎರಡು ವರ್ಷಗಳನ್ನೇ ತೆಗೆದುಕೊಂಡರೆ ಶೇಕಡ 45ರಷ್ಟು ಕಡಿಮೆ. ಮೂರನೇ ವರ್ಷದಲ್ಲಿ ತಾಯಂದಿರ ಮನಸ್ಸಿನ ಖಿನ್ನತೆಯೂ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಇದಕ್ಕೂ ಮೊದಲು ನೇಪಾಳದ ಮಕವಾನಪುರ ಜಿಲ್ಲೆಯಲ್ಲೂ ಹೀಗೆಯೇ ಮಾಡಿ, ಹಸುಗೂಸುಗಳ ಸಾವು ಶೇಕಡ 30ರಷ್ಟು ಕಡಿಮೆಯಾಗಿದ್ದನ್ನು 2004ರಲ್ಲಿ ಪ್ರಕಟಿಸಿದ್ದರು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಇಂತಹ ಮಹಿಳಾ ಗುಂಪುಗಳನ್ನು ಶಿಫಾರಸು ಮಾಡಿತು. ಹೆಂಗಸರು ವೃತ್ತಾಕಾರದಲ್ಲಿ ಕುಳಿತು ಮಾತಾಡಿದ್ದರಿಂದ ಕೂಸುಗಳು ಬದುಕಿದವು ಸಹೋದರಿಯರೇ. ನಮ್ಮ ವಾರದ ಸಭೆ ಎಷ್ಟು ಬೆಲೆಯುಳ್ಳದ್ದು ಎಂದು ಯೋಚಿಸಿ.

ಎಲ್ಲ ಮಾದರಿಯೂ ಒಳ್ಳೆಯದಲ್ಲ

ಹಿರಿಯರು ಮಾಡಿದ್ದೆಲ್ಲ ಸರಿ ಎಂದೂ ಅಲ್ಲ, ಎಲ್ಲ ತಪ್ಪು ಎಂದೂ ಅಲ್ಲ. ಮೊರದಲ್ಲಿ ಕೇರಿದ ಹಾಗೆ ಕೇರಬೇಕು. ಕಾಳು ಉಳಿಸಿ, ಹೊಟ್ಟು ತೂರಬೇಕು.

ಉಳಿಸಿಕೊಳ್ಳಬೇಕಾದವು: ಬಾಣಂತಿಗೆ ವಿಶ್ರಾಂತಿ ಕೊಡುವುದು, ಅವಳ ನೀರು ಸೌದೆಯ ಕೆಲಸ ಬೇರೆಯವರು ಮಾಡುವುದು, ಹಗುರವಾದ ಕೈಯಿಂದ ಎಣ್ಣೆ ಸವರುವುದು, ಜೋಗುಳ ಹಾಡುವುದು, ಕೂಸಿನೊಡನೆ ಮಾತಾಡುವುದು, 6 ತಿಂಗಳು ತುಂಬಿದ ಮೇಲೆ ರಾಗಿ ಸರಿ, ಮೆತ್ತಗಿನ ಅನ್ನ, ಬೇಳೆ ಕೊಡುತ್ತಾ ಎದೆಹಾಲನ್ನೂ ಮುಂದುವರಿಸುವುದು.

ಬಿಡಬೇಕಾದವು: ಹೆರಿಗೆಯಾದ ಕೂಡಲೇ ಬರುವ ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವುದು. ಅದು ಮಗುವಿಗೆ ಮೊದಲ ಲಸಿಕೆ ಇದ್ದಂತೆ, ಹುಟ್ಟಿದ ಒಂದು ಗಂಟೆಯೊಳಗೆ ಕೊಡಬೇಕು. ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ, ಕತ್ತೆ ಹಾಲು ನೆಕ್ಕಿಸುವುದು. ಕಿವಿ ಮೂಗಿಗೆ ಎಣ್ಣೆ ಬಿಡುವುದು. ಹೊಕ್ಕುಳಿಗೆ ಬೂದಿ ಹಚ್ಚುವುದು. ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುವುದು. ಬಾಣಂತಿಗೆ ನೀರು ಕೊಡದೆ, ಸೊಪ್ಪು ತರಕಾರಿ ಕೊಡದೆ ಪಥ್ಯ ಮಾಡಿಸುವುದು. ಕಾಯಿಲೆ ಬಿದ್ದ ಮಗುವಿಗೆ ಬರೆ ಹಾಕುವುದಂತೂ ಕ್ರೌರ್ಯ.

ಡಬ್ಬದ ಹಾಲಿನ ವಿಷಯವೂ ಗೊತ್ತಿರಲಿ. 1992ರ ಕಾಯಿದೆ, ಅದಕ್ಕೆ 2003ರಲ್ಲಿ ಆದ ತಿದ್ದುಪಡಿಯ ಪ್ರಕಾರ 2 ವರ್ಷದೊಳಗಿನ ಮಕ್ಕಳ ಡಬ್ಬದ ಹಾಲು, ಆಹಾರದ ಜಾಹೀರಾತು ಮಾಡುವಂತಿಲ್ಲ. ಯಾರಾದರೂ ಹೊಗಳಿ ಮಾರಲು ಬಂದರೆ ಎಚ್ಚರ.

ಯಾವುದನ್ನು ಅನುಸರಿಸಬೇಕೆಂದು ಗೊಂದಲವಾದಾಗ ಮೂರು ಪ್ರಶ್ನೆ ಕೇಳಿ. ಒಂದು, ಇದನ್ನು ಯಾಕೆ ಮಾಡುತ್ತಾರೆ? ಎರಡು, ಇದರಿಂದ ಮಗುವಿಗೆ ಒಳ್ಳೆಯದಾಯಿತೇ, ಇಲ್ಲ ಮಗು ಹೇಗೋ ತಡೆದುಕೊಂಡಿತೇ? ಮೂರು, ಆಶಾ ಕಾರ್ಯಕರ್ತೆ ಅಥವಾ ನರ್ಸಮ್ಮ ಏನು ಹೇಳುತ್ತಾರೆ?

ಕಾಯಬಾರದ ಹೊತ್ತೂ ಇದೆ. ಹಸುಗೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಾದರೆ, ಎದೆ ಒಳಕ್ಕೆ ಸೆಳೆದರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಾದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲು ಹಳದಿಯಾದರೆ ಯಾರ ಸಲಹೆಗೂ ಕಾಯದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ.

ನೂಲಿನಂತೆ ಸೀರೆಯೇ?

"ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂದು ಗಾದೆ. ಒಳ್ಳೆಯ ತಾಯಿಯನ್ನು ಕಂಡವಳಿಗೆ ಇದು ಆಶೀರ್ವಾದ. ಆದರೆ ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳಿಗೆ? ಏಟು, ಬೈಗುಳದಲ್ಲೇ ಬೆಳೆದವಳಿಗೆ? "ನಮ್ಮವ್ವ ನಂಗೆ ಸೌಟಲ್ಲಿ ಹೊಡೀತಿದ್ಲು, ಈಗ ನನ್ನ ಕೈಯೂ ಸೌಟಿಗೇ ಹೋಗುತ್ತೆ" ಎಂದು ಸಂಘದ ಸಭೆಗಳಲ್ಲಿ ತಾಯಂದಿರು ಹೇಳಿಕೊಳ್ಳುವುದುಂಟು. ಹಾಗೆ ಹೇಳಲು ಧೈರ್ಯ ಬೇಕು.

ಅವರಿಗೆ ನಾವು ಹೇಳುವುದಿಷ್ಟೆ: ನೇಯುವವಳು ನೀನು. ಹಳೆಯ ನೂಲಿನ ಜೊತೆ ಹೊಸ ನೂಲು ಸೇರಿಸಬಹುದು. ನಿಮ್ಮ ಬೀದಿಯಲ್ಲಿ ಮಗು ಹಟ ಮಾಡಿದಾಗ ಕೂಗಾಡದ ತಾಯಿ ಒಬ್ಬಳಾದರೂ ಇರುತ್ತಾಳೆ. ಅವಳನ್ನು ಗಮನಿಸಿ. ಅವಳು ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂರುತ್ತಾಳೆ. ಸಿಟ್ಟು ನೆತ್ತಿಗೇರಿದಾಗ ಒಂದು ಲೋಟ ನೀರು ಕುಡಿದು, ಎರಡು ನಿಮಿಷ ಹೊರಗೆ ಹೋಗಿ ಬರುತ್ತಾಳೆ. "ನೀನು ಕೆಟ್ಟವನು" ಅನ್ನುವುದಿಲ್ಲ, "ನೀನು ಮಾಡಿದ್ದು ತಪ್ಪು" ಅನ್ನುತ್ತಾಳೆ. ಹೋಗಿ ಕೇಳಿ, "ನಿಂಗೆ ಸಿಟ್ಟೇ ಬರಲ್ವಾ?" ಎಂದು. ಬರುತ್ತೆ ಎನ್ನುತ್ತಾಳೆ. ಹೇಗೆ ತಡೆಯುತ್ತಾಳೆ ಎಂಬುದನ್ನೂ ಹೇಳುತ್ತಾಳೆ. ಒಬ್ಬರಿಂದಲೇ ಎಲ್ಲವನ್ನೂ ಕಲಿಯಬೇಕಾಗಿಲ್ಲ. ಒಬ್ಬರಿಂದ ತಾಳ್ಮೆ, ಇನ್ನೊಬ್ಬರಿಂದ ಶುಚಿತ್ವ, ಮತ್ತೊಬ್ಬರಿಂದ ಹೆಣ್ಣುಮಗಳನ್ನು ಓದಿಸುವ ಛಲ.

ಮಾದರಿ ಬೇರೆ, ಹೋಲಿಕೆ ಬೇರೆ

"ಅವಳನ್ನ ನೋಡಿ ಕಲಿ" ಎಂದು ಸೊಸೆಗೆ ಚುಚ್ಚುವುದು ಕಲಿಸುವುದಲ್ಲ, ಅವಮಾನಿಸುವುದು. ಕಲಿಸುವವಳು ಪಕ್ಕದಲ್ಲಿ ಕುಳಿತು "ಬಾ, ಒಟ್ಟಿಗೆ ಮಾಡೋಣ" ಎನ್ನುತ್ತಾಳೆ. ಬಾಣಂತಿಯ ಮನಸ್ಸು ಮೊದಲೇ ಮೃದುವಾಗಿರುತ್ತದೆ. ಮೊದಲ ಕೆಲವು ದಿನ ಅಳು ಬರುವುದು ಸಹಜ. ಎರಡು ವಾರ ಕಳೆದರೂ ಅಳು, ನಿದ್ದೆ ಬಾರದಿರುವುದು, ಮಗುವಿನ ಮೇಲೆ ಆಸೆ ಇಲ್ಲದಿರುವುದು ಮುಂದುವರಿದರೆ ಅದು ಸೋಮಾರಿತನವೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಅದು ಕಾಯಿಲೆ, ಚಿಕಿತ್ಸೆಯಿದೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿಮಾನಸ್ ಉಚಿತ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು. ಸಾಯುವ ಮಾತು ಬಂದರೆ ಅಥವಾ ಮಗುವಿಗೆ ಏನಾದರೂ ಮಾಡಿಬಿಡುವ ಭಯ ಕಂಡರೆ ಎರಡು ವಾರ ಕಾಯಬೇಡಿ. ಒಂಟಿಯಾಗಿ ಬಿಡದೆ ಆ ದಿನವೇ ಕರೆದೊಯ್ಯಿರಿ.

ನಮ್ಮ ಸಂಘದಲ್ಲಿ ಏನು ಮಾಡಬಹುದು?

1. ತಿಂಗಳ ಒಂದು ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ತಾಯಿ ಮಗುವಿನ ವಿಷಯಕ್ಕೆ ಮೀಸಲಿಡೋಣ.

2. ಪ್ರತಿಯೊಬ್ಬ ಬಸುರಿಗೆ ಸಂಘದಿಂದ ಒಬ್ಬ ಅಕ್ಕನನ್ನು ಗೊತ್ತುಮಾಡೋಣ. ಹೆರಿಗೆಯಾದ ಮೊದಲ ವಾರದಲ್ಲಿ ಅವಳು ದಿನಾ ಒಮ್ಮೆ ಹೋಗಿ ಬರಲಿ. ಸದಸ್ಯೆಯಲ್ಲದವರ ಮನೆಗೂ, ಹೊಸದಾಗಿ ಊರಿಗೆ ಬಂದವರ ಮನೆಗೂ ಹೋಗಲಿ.

3. ಅತ್ತೆಯರನ್ನು, ಅಜ್ಜಿಯರನ್ನು ಸಭೆಗೆ ಕರೆಯೋಣ. ಅವರನ್ನು ಬಿಟ್ಟು ಕಲಿತರೆ ಮನೆಯಲ್ಲಿ ಜಗಳ, ಸೇರಿಸಿಕೊಂಡು ಕಲಿತರೆ ಬಲ.

4. ಗಂಡಸರೂ ಮಗುವನ್ನು ಎತ್ತಿಕೊಳ್ಳಲಿ, ಬಟ್ಟೆ ಒಗೆಯಲಿ. ಅವರೂ ನೋಡಿಯೇ ಕಲಿಯಬೇಕು, ಅವರನ್ನು ನೋಡಿ ಗಂಡುಮಕ್ಕಳು ಕಲಿಯುತ್ತಾರೆ.

5. ಗೊತ್ತಿಲ್ಲದ್ದನ್ನು "ಗೊತ್ತಿಲ್ಲ" ಎನ್ನೋಣ. ಆಶಾ, ಅಂಗನವಾಡಿ ಕಾರ್ಯಕರ್ತೆಯರನ್ನು ಕರೆಸಿ ಕೇಳೋಣ.

ಮುಂದಿನ ಸಭೆಯಲ್ಲಿ ಚರ್ಚಿಸಿ

ನೀವು ತಾಯ್ತನವನ್ನು ಯಾರಿಂದ ಕಲಿತಿರಿ? ಅವರಿಂದ ಕಲಿತದ್ದರಲ್ಲಿ ಯಾವುದನ್ನು ಉಳಿಸಿಕೊಂಡಿರಿ, ಯಾವುದನ್ನು ಬಿಟ್ಟಿರಿ? ಈ ತಿಂಗಳು ನಮ್ಮ ಊರಿನಲ್ಲಿ ಒಬ್ಬಳೇ ಇರುವ ಬಾಣಂತಿ ಯಾರು? ಅವಳ ಮನೆಗೆ ಯಾರು ಹೋಗುತ್ತೀರಿ? ಆ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೇ ಸಭೆ ಮುಗಿಸಿ.