ಗಣಕವಿಜ್ಞಾನದಲ್ಲಿ ಡಾಕ್ಟರೇಟ್ ವ್ಯಾಸಂಗ: ಅದರ ಚರಿತ್ರೆ ಮತ್ತು ಇಂದಿನ ಮಾರ್ಗಗಳು

ನಮ್ಮ ಕಾಲೇಜುಗಳಲ್ಲಿ ಗಣಕವಿಜ್ಞಾನವನ್ನು ಅಭ್ಯಾಸಮಾಡಿ ಪದವಿ ಪಡೆಯುವವರ ಸಂಖ್ಯೆ ದೊಡ್ಡದು. ಅವರಲ್ಲಿ ಆ ಶಾಸ್ತ್ರದಲ್ಲಿಯೇ ಮುಂದುವರಿದು ಡಾಕ್ಟರೇಟ್ ಸಂಪಾದಿಸುವವರು ಬಹು ವಿರಳ. ಇದಕ್ಕೆ ಉದ್ಯೋಗದ ಆಕರ್ಷಣೆಯೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಇದು ಅರ್ಧ ಸತ್ಯ. ಆ ವ್ಯಾಸಂಗವೆಂದರೆ ಏನು, ಅದಕ್ಕೆ ಯಾವ ಯಾವ ದಾರಿಗಳಿವೆ, ಆ ಅವಧಿಯಲ್ಲಿ ಜೀವನೋಪಾಯವೇನು ಎಂಬುದನ್ನು ಬಲ್ಲವರು ಕಡಮೆಯೆಂಬುದು ಉಳಿದರ್ಧ. ಬೆಂಗಳೂರು ಮೈಸೂರುಗಳಿಂದ ದೂರದಲ್ಲಿರುವ ಕಾಲೇಜುಗಳಲ್ಲಂತೂ ಈ ವಿಷಯವನ್ನು ಕೇಳಿ ತಿಳಿಯಲು ತಕ್ಕವರು ಸಿಕ್ಕುವುದೇ ಕಷ್ಟ. ಚರಿತ್ರೆಯ ಅಧ್ಯಾಪಕರೊಬ್ಬರು ಇದಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಪದವಿಗಳಿಗೂ ಚರಿತ್ರೆಯುಂಟು. ಆ ಚರಿತ್ರೆಯನ್ನು ತಿಳಿಯದೆ ಇಂದಿನ ನಿಯಮಗಳ ಅರ್ಥವಾಗುವುದಿಲ್ಲ.

ಮಧ್ಯಯುಗದ ಯೂರೋಪಿನ ವಿಶ್ವವಿದ್ಯಾನಿಲಯಗಳಲ್ಲಿ ‘ಡಾಕ್ಟರ್’ ಎಂದರೆ ಬೋಧಿಸಲು ಅಧಿಕಾರ ಪಡೆದವನು ಎಂದಷ್ಟೇ ಅರ್ಥವಿದ್ದಿತು. ಇದ್ದ ವಿದ್ಯೆಯನ್ನು ಚೆನ್ನಾಗಿ ಬಲ್ಲವನಾದರೆ ಸಾಕು, ಹೊಸದನ್ನು ಕಂಡುಹಿಡಿಯಬೇಕೆಂಬ ನಿರ್ಬಂಧವಿರಲಿಲ್ಲ. 1810ರಲ್ಲಿ ವಿಲ್ಹೆಲ್ಮ್ ಫಾನ್ ಹಂಬೋಲ್ಟನ ಪ್ರಯತ್ನದಿಂದ ಬರ್ಲಿನ್ ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗಿನಿಂದ ಬೋಧನೆ ಮತ್ತು ಸಂಶೋಧನೆಗಳು ಒಂದೇ ಕೈಯಲ್ಲಿರತಕ್ಕವು ಎಂಬ ಭಾವನೆ ಬಲಗೊಂಡು, ಸ್ವತಂತ್ರವಾದ ಮಹಾಪ್ರಬಂಧವು ಡಾಕ್ಟರೇಟಿನ ಪ್ರಾಣವಾಯಿತು. ಅಮೆರಿಕದಲ್ಲಿ ಯೇಲ್ ವಿಶ್ವವಿದ್ಯಾನಿಲಯವು 1861ರಲ್ಲಿ ಮೊದಲ ಬಾರಿಗೆ ಪಿಎಚ್.ಡಿ. ಪದವಿಯನ್ನು ಕೊಟ್ಟಿತು. ಇಂಗ್ಲೆಂಡಿಗೆ ಈ ಪದ್ಧತಿ ತಡವಾಗಿ ಬಂದಿತು. ಆಕ್ಸ್‌ಫರ್ಡ್ ಇದನ್ನು ಅಂಗೀಕರಿಸಿದ್ದು 1917ರಲ್ಲಿ. ನಮ್ಮ ವಿಶ್ವವಿದ್ಯಾನಿಲಯಗಳು ಇಂಗ್ಲೆಂಡಿನ ಮೇಲ್ಪಂಕ್ತಿಯನ್ನು ಅನುಸರಿಸಿದುವಾದ ಕಾರಣ, ಮಾರ್ಗದರ್ಶಕರು ಒಬ್ಬರು, ಪ್ರಬಂಧ ಒಂದು, ಕೊನೆಗೆ ಮೌಖಿಕ ಪರೀಕ್ಷೆ ಎಂಬ ಚೌಕಟ್ಟು ನಮಗೆ ಅಲ್ಲಿಂದಲೇ ಬಂದುದು. ಪಾಠಕ್ರಮವನ್ನು ಕಡ್ಡಾಯಮಾಡಿದ್ದು ತೀರ ಈಚಿನ ಮಾತು.

ಗಣಕವಿಜ್ಞಾನಕ್ಕೆ ಈ ಚೌಕಟ್ಟಿನೊಳಗೆ ಪ್ರವೇಶ ದೊರೆತದ್ದು ಸುಲಭವಾಗಿಯಲ್ಲ. ಆ ಶಾಸ್ತ್ರದ ಮೂಲಪುರುಷರಲ್ಲೊಬ್ಬನಾದ ಅಲನ್ ಟ್ಯೂರಿಂಗನಿಗೆ 1938ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ದೊರೆತ ಡಾಕ್ಟರೇಟು ಗಣಿತಶಾಸ್ತ್ರದ್ದು. ಬೇರೆ ಹೆಸರು ಆಗ ಇರಲೇ ಇಲ್ಲ. ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಅವನ ಸಂಗಡಿಗರು ಕಟ್ಟಿದ ಎಡ್‌ಸ್ಯಾಕ್ ಗಣಕವು 1949ರಲ್ಲಿ ಕೆಲಸಕ್ಕೆ ತೊಡಗಿತು. ಆ ಯಂತ್ರದಲ್ಲಿ ದುಡಿದ ಡೇವಿಡ್ ವೀಲರ್ 1951ರಲ್ಲಿ ಡಾಕ್ಟರೇಟ್ ಪಡೆದ. ಗಣಕವನ್ನು ಕೇವಲ ಸಾಧನವಾಗಿ ಬಳಸದೆ ಅದರ ವ್ಯವಹಾರವನ್ನೇ ವಿಷಯವಾಗಿ ತೆಗೆದುಕೊಂಡ ಮೊದಲ ಮಹಾಪ್ರಬಂಧಗಳಲ್ಲಿ ಅದೂ ಒಂದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ 1962ರಲ್ಲಿ ಗಣಕವಿಜ್ಞಾನಕ್ಕೇ ಪ್ರತ್ಯೇಕ ವಿಭಾಗವು ಏರ್ಪಟ್ಟಿತು. ಮುಂದೆ ಮೂರು ವರ್ಷಗಳಲ್ಲಿ ಆ ಹೆಸರಿನ ಡಾಕ್ಟರೇಟುಗಳು ಹೊರಬಂದುವು.

ಅವುಗಳಲ್ಲಿ ಒಂದನ್ನು ಪಡೆದವರ ವೃತ್ತಾಂತ ಇಲ್ಲಿ ಹೇಳತಕ್ಕದ್ದು. 1965ರ ಜೂನ್ ತಿಂಗಳ 7ನೆಯ ತಾರೀಖು ಅಮೆರಿಕದಲ್ಲಿ ಇಬ್ಬರಿಗೆ ಗಣಕವಿಜ್ಞಾನದ ಡಾಕ್ಟರೇಟ್ ದೊರೆಯಿತು. ಒಬ್ಬರು ಸೇಂಟ್ ಲೂಯಿಯ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದ ಅರ್ವಿಂಗ್ ಟ್ಯಾಂಗ್. ಇನ್ನೊಬ್ಬರು ವಿಸ್ಕಾನ್‌ಸಿನ್ ವಿಶ್ವವಿದ್ಯಾನಿಲಯದ ಮೇರಿ ಕೆನೆತ್ ಕೆಲ್ಲರ್. ಈಕೆ ಕ್ರೈಸ್ತ ಸಂನ್ಯಾಸಿನಿ, 1913ರಲ್ಲಿ ಹುಟ್ಟಿದವರು, ಪದವಿ ಪಡೆಯುವಾಗ ವಯಸ್ಸು ಐವತ್ತು ದಾಟಿದ್ದಿತು. ಕೆಲವು ಉದಾಹರಣೆಗಳನ್ನು ಕೊಟ್ಟರೆ ಅವುಗಳಿಂದ ಸಾಮಾನ್ಯ ನಿಯಮವನ್ನು ಯಂತ್ರವೇ ಊಹಿಸಿಕೊಳ್ಳುವಂತೆ ಮಾಡುವುದು ಹೇಗೆಂಬುದು ಆಕೆಯ ಪ್ರಬಂಧದ ವಿಷಯ. ಇಂದು ಯಂತ್ರಕಲಿಕೆಯೆಂಬ ಹೆಸರಿನಿಂದ ಲೋಕವೆಲ್ಲ ಮಾತನಾಡುತ್ತಿರುವ ಶಾಖೆಗೆ ಇದು ಹತ್ತಿರದ ಸಂಬಂಧಿಯೆಂಬುದನ್ನು ಓದುಗರು ಗಮನಿಸಬೇಕು. ಪದವಿ ಪಡೆದ ವರ್ಷವೇ ಆಕೆ ಅಯೋವಾ ಸಂಸ್ಥಾನದ ಕ್ಲಾರ್ಕ್ ಕಾಲೇಜಿನಲ್ಲಿ ಗಣಕವಿಜ್ಞಾನ ವಿಭಾಗವನ್ನು ಪ್ರಾರಂಭಿಸಿ ಇಪ್ಪತ್ತು ವರ್ಷ ಅದರ ಮುಖ್ಯಸ್ಥೆಯಾಗಿದ್ದರು. ಡಾಕ್ಟರೇಟ್ ಎಂಬುದು ಇಪ್ಪತ್ತೈದರೊಳಗೆ ಮುಗಿಯದಿದ್ದರೆ ಕೆಟ್ಟಿತೆಂದು ಭಾವಿಸುವ ನಮ್ಮವರು, ಅದರಲ್ಲಿಯೂ ಸಂಸಾರದ ಹೊಣೆಯ ದೆಸೆಯಿಂದ ಓದನ್ನು ನಡುವೆ ನಿಲ್ಲಿಸಿದ ಅಧ್ಯಾಪಿಕೆಯರು, ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

ನಮ್ಮ ದೇಶದಲ್ಲಿ ಈ ವಿದ್ಯೆ ಯಂತ್ರಗಳ ಬೆನ್ನುಹತ್ತಿ ಬಂದಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ನಿರ್ಮಿತವಾದ ಗಣಕವು 1960ರಲ್ಲಿ ಕಾರ್ಯಾರಂಭ ಮಾಡಿತು. ಅದಕ್ಕೆ ಟಿಫ್ರಾಕ್ ಎಂಬ ಹೆಸರನ್ನು 1962ರಲ್ಲಿ ಇಟ್ಟವರು ಪ್ರಧಾನಿ ನೆಹರೂ. ಕಾನ್ಪುರದ ಐ.ಐ.ಟಿ.ಗೆ 1963ರಲ್ಲಿ ಐ.ಬಿ.ಎಂ. 1620 ಬಂದಿತು; ವಿಸ್ಕಾನ್‌ಸಿನ್‌ನಲ್ಲಿ ಡಾಕ್ಟರೇಟ್ ಪಡೆದಿದ್ದ ವಿ. ರಾಜಾರಾಮನ್ ಅವರು ಅಲ್ಲಿ ಪಾಠಕ್ರಮವನ್ನು ಬೆಳೆಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1969ರಲ್ಲಿ ಸ್ವಯಂಚಾಲನ ಶಾಲೆಯೆಂದು ಆರಂಭವಾದದ್ದೇ ಇಂದಿನ ಗಣಕವಿಜ್ಞಾನ ಮತ್ತು ಸ್ವಯಂಚಾಲನ ವಿಭಾಗ.

ಡಾಕ್ಟರೇಟ್ ವ್ಯಾಸಂಗಕ್ಕೆ ದೊಡ್ಡ ಯಂತ್ರಶಾಲೆಯೂ ವಿದೇಶವಾಸವೂ ಅನಿವಾರ್ಯವೆಂಬ ಭಾವನೆಯೊಂದುಂಟು. ಇದನ್ನು ಅಲ್ಲಗಳೆಯಲು ಒಂದೇ ನಿದರ್ಶನ ಸಾಕು. ಒಂದು ಸಂಖ್ಯೆಯನ್ನು ಕೊಟ್ಟರೆ ಅದು ಅವಿಭಾಜ್ಯವೋ ಅಲ್ಲವೋ ಎಂಬುದನ್ನು, ಅದೃಷ್ಟದ ಮೇಲಾಗಲಿ ಸಾಧಿತವಾಗದ ಊಹೆಗಳ ಮೇಲಾಗಲಿ ನಿಲ್ಲದೆ, ಅಂಕೆಗಳ ಸಂಖ್ಯೆಯ ಯಾವುದೋ ನಿಯತ ಘಾತಕ್ಕೆ ಮೀರದ ಹೆಜ್ಜೆಗಳಲ್ಲಿ ನಿರ್ಧರಿಸಬಹುದೇ ಎಂಬ ಪ್ರಶ್ನೆ ಬಹುಕಾಲ ಉತ್ತರವಿಲ್ಲದೆ ಉಳಿದಿದ್ದಿತು. 2002ರಲ್ಲಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬ ಮೂವರು ಹಾಗೆ ಮಾಡಬಹುದೆಂದು ಸಾಧಿಸಿ ತೋರಿಸಿದರು. ಮೊದಲನೆಯವರು ಅಧ್ಯಾಪಕರು, ಉಳಿದಿಬ್ಬರು ಅದೇ ವರ್ಷ ಬಿ.ಟೆಕ್. ಮುಗಿಸಿ ಅವರಲ್ಲಿ ಸಂಶೋಧನೆಗೆ ಸೇರಿದವರು. ಆ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ಕಾಗದ, ಲೇಖನಿ ಮತ್ತು ಒಬ್ಬರನ್ನೊಬ್ಬರು ಪ್ರಶ್ನಿಸುವ ಬಿಡುವು. ಲೇಖನವು 2004ರಲ್ಲಿ ಗಣಿತದ ಅತ್ಯುನ್ನತ ಪತ್ರಿಕೆಗಳಲ್ಲೊಂದರಲ್ಲಿ ಅಚ್ಚಾಯಿತು. 2006ರಲ್ಲಿ ಮೂವರಿಗೂ ಗೋಡೆಲ್ ಬಹುಮಾನ ಬಂದಿತು.

ಇದು ಸಿದ್ಧಾಂತಶಾಖೆಯ ಮಾತು. ಉಳಿದ ಶಾಖೆಗಳಲ್ಲಿ ಕೆಲಸದ ಸ್ವರೂಪವೇ ಬೇರೆ. ವ್ಯವಸ್ಥೆಗಳ ಶಾಖೆಯಲ್ಲಿ ಏನನ್ನಾದರೂ ಕಟ್ಟಿ, ಓಡಿಸಿ, ಅಳೆದು ತೋರಿಸಬೇಕು. ಯಂತ್ರಕಲಿಕೆಯಲ್ಲಿ ಸಂಖ್ಯಾಶಾಸ್ತ್ರದ ಬಲವೂ ಗಣನಸಾಮರ್ಥ್ಯದ ವೆಚ್ಚವೂ ಹೆಚ್ಚು. ಮನುಷ್ಯ ಮತ್ತು ಗಣಕಗಳ ಸಂಬಂಧವನ್ನು ಕುರಿತ ಶಾಖೆಯಲ್ಲಿ ಜನರ ನಡುವೆ ಹೋಗಿ ನೋಡುವ ಕೆಲಸವಿರುತ್ತದೆ. ಸಮೀಪದ ಶಾಸ್ತ್ರಗಳೂ ಹಲವು. ಅವುಗಳಲ್ಲಿ ನಮ್ಮ ವಿಭಾಗದವರಿಗೆ ಹತ್ತಿರವಾದ ಒಂದನ್ನು ಮಾತ್ರ ತುಸು ವಿಸ್ತರಿಸುವೆನು.

ಬಿ. ಎಲ್. ರೈಸ್ ಅವರು 1886ರಿಂದ ಪ್ರಕಟಿಸಲು ತೊಡಗಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಸಾವಿರಾರು ಶಾಸನಗಳಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಆ ಪ್ರದೇಶದ ಶಾಸನಶಿಲೆಗಳನ್ನು ಮೂರು ಆಯಾಮಗಳಲ್ಲಿ ಪ್ರತಿಬಿಂಬಿಸಿಕೊಳ್ಳುವ ಕೆಲಸವೂ ನಡೆದಿದೆ. ಇವನ್ನು ಯಂತ್ರವು ಓದುವಂತೆ ಮಾಡುವುದು ಹೇಗೆ? ಕಲ್ಲು ಸವೆದಿದೆ; ಪದಪದಗಳ ನಡುವೆ ತೆರಪಿಲ್ಲ; ಸಂಧಿಯಿಂದ ಪದಗಳು ಒಂದರೊಳಗೊಂದು ಸೇರಿಹೋಗಿವೆ; ಶತಮಾನದಿಂದ ಶತಮಾನಕ್ಕೆ ಅಕ್ಷರದ ಆಕಾರ ಮಾರ್ಪಡುತ್ತದೆ; ಱ, ೞ ಮೊದಲಾದ ಅಕ್ಷರಗಳು ಒಂದು ಕಾಲದಲ್ಲಿ ಕಂಡು ಮತ್ತೊಂದರಲ್ಲಿ ಮರೆಯಾಗುತ್ತವೆ. ಇಂಗ್ಲಿಷಿನ ಅಚ್ಚುಪುಟಗಳಿಗಾಗಿ ಹುಟ್ಟಿದ ವಿಧಾನಗಳನ್ನು ಇಲ್ಲಿಗೆ ತಂದು ಹಚ್ಚಿದರೆ ನಡೆಯುವುದಿಲ್ಲ. ಕಲಿಸುವುದಕ್ಕೆ ಬೇಕಾದ, ಸರಿಯಾಗಿ ಓದಿ ಗುರುತು ಹಾಕಿದ ಮಾದರಿಗಳೂ ಮಿತವಾಗಿವೆ. ಅವನ್ನು ಸಿದ್ಧಪಡಿಸಬಲ್ಲವರು ಲಿಪಿಶಾಸ್ತ್ರವನ್ನು ಬಲ್ಲವರೇ ಹೊರತು ಕ್ರಮವಿಧಿ ಬರೆಯುವವರಲ್ಲ. ಇಲ್ಲಿ ಒಂದಲ್ಲ, ಹಲವು ಮಹಾಪ್ರಬಂಧಗಳಿಗೆ ಎಡೆಯಿದೆ. ಹಳಗನ್ನಡವನ್ನು ಬಲ್ಲ ಪರೀಕ್ಷಕರು ಗಣಕವಿಭಾಗದಲ್ಲಿ ಸಿಗದಿರುವುದೂ, ಗಣಕವನ್ನು ಬಲ್ಲವರು ಚರಿತ್ರೆಯ ವಿಭಾಗದಲ್ಲಿ ಸಿಗದಿರುವುದೂ ದೊಡ್ಡ ತೊಡಕು. ಎರಡು ವಿಭಾಗಗಳಿಂದ ಒಬ್ಬೊಬ್ಬ ಮಾರ್ಗದರ್ಶಕರನ್ನು ಪಡೆಯಲು ಅವಕಾಶವಿರುವ ವಿಶ್ವವಿದ್ಯಾನಿಲಯವನ್ನೇ ಇಂಥ ವಿದ್ಯಾರ್ಥಿ ಆರಿಸಿಕೊಳ್ಳಬೇಕು.

ಇನ್ನು ನಿಯಮಗಳ ವಿಷಯ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ವಿಧಿಗಳ ಪ್ರಕಾರ ಪಾಠಕ್ರಮವೂ ಸೇರಿ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಿಂದ ಇನ್ನೆರಡು ವರ್ಷ ದೊರೆಯಬಹುದು. ಮಹಿಳೆಯರಿಗೆ ಅದಕ್ಕೂ ಮೇಲೆ ಎರಡು ವರ್ಷದ ರಿಯಾಯಿತಿಯುಂಟು. ನಾಲ್ಕು ವರ್ಷದ ಪದವಿಯಲ್ಲಿ ನೂರಕ್ಕೆ 75 ಅಂಕ ಪಡೆದವರು ಸ್ನಾತಕೋತ್ತರ ಪದವಿಯಿಲ್ಲದೆಯೇ ಅರ್ಹರು. ಬಿ.ಇ. ಮುಗಿಸಿದವರಿಗೆ ಇದು ಅನುಕೂಲ. ಕರ್ನಾಟಕವು 2021ರಲ್ಲಿ ತಂದ ನಾಲ್ಕು ವರ್ಷದ ಪದವಿಕ್ರಮವನ್ನು 2024ರಲ್ಲಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದ್ದರಿಂದ, ನಮ್ಮ ಬಿ.ಎಸ್‌ಸಿ., ಬಿ.ಸಿ.ಎ. ವಿದ್ಯಾರ್ಥಿಗಳು ಎಂ.ಎಸ್‌ಸಿ. ಅಥವಾ ಎಂ.ಸಿ.ಎ. ಮುಗಿಸಿಯೇ ಮುಂದುವರಿಯಬೇಕು. ಪ್ರವೇಶಕ್ಕೆ ಐ.ಐ.ಟಿ.ಗಳಲ್ಲಿಯೂ ವಿಜ್ಞಾನ ಸಂಸ್ಥೆಯಲ್ಲಿಯೂ ಗೇಟ್ ಪರೀಕ್ಷೆಯ ಫಲ ಅಥವಾ ನೆಟ್ ಅರ್ಹತೆ, ಅದರ ಮೇಲೆ ಸಂದರ್ಶನ. ಗೇಟ್ ಪರೀಕ್ಷೆಯಲ್ಲಿ 2024ರಿಂದ ದತ್ತಾಂಶವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆಗೆ ಪ್ರತ್ಯೇಕ ಪ್ರಶ್ನಪತ್ರಿಕೆ ಬಂದಿದೆ. ಟಾಟಾ ಸಂಸ್ಥೆಗೂ ಚೆನ್ನೈನ ಗಣಿತವಿಜ್ಞಾನ ಸಂಸ್ಥೆಗೂ ಪರೀಕ್ಷೆಗಳು ಬೇರೆ; ಗಣಿತದಲ್ಲಿ ಒಲವಿರುವ ಎಂ.ಎಸ್‌ಸಿ. ವಿದ್ಯಾರ್ಥಿಗಳು ಇವನ್ನು ಮರೆಯುವುದು ವಿಷಾದದ ಸಂಗತಿ.

ಕಿರಿಯ ಸಂಶೋಧಕರ ವೇತನವನ್ನು 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೂ, ಎರಡು ವರ್ಷದ ಮೇಲೆ 42,000 ರೂಪಾಯಿಗೂ ಏರಿಸಲಾಯಿತು. ಇದನ್ನು ಕಂಪನಿಗಳ ಸಂಬಳದೊಂದಿಗೆ ಹೋಲಿಸಿ ಕೊರಗುವುದರಲ್ಲಿ ಅರ್ಥವಿಲ್ಲ. ಆದರೆ ವೇತನವಿಲ್ಲದೆ ನೋಂದಾಯಿಸಿಕೊಂಡು, ಹಗಲು ಅತಿಥಿ ಅಧ್ಯಾಪಕರಾಗಿ ದುಡಿದು, ರಾತ್ರಿ ಪ್ರಬಂಧ ಬರೆಯುವವರ ಪಾಡೇ ಬೇರೆ. ನೋಂದಣಿಗೆ ಅವಸರಪಡುವುದಕ್ಕಿಂತ ಒಂದು ವರ್ಷ ಕಾದು ಪರೀಕ್ಷೆಯಲ್ಲಿ ವೇತನ ಗಳಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ವಿದೇಶಗಳಲ್ಲಿ ಕ್ರಮ ಒಂದೇ ಬಗೆಯಲ್ಲ. ಅಮೆರಿಕದಲ್ಲಿ ಪದವಿಯಾದೊಡನೆ ಡಾಕ್ಟರೇಟಿಗೆ ಸೇರಬಹುದು. ಮೊದಲ ಒಂದೆರಡು ವರ್ಷ ಪಾಠ, ಆಮೇಲೆ ಅರ್ಹತಾ ಪರೀಕ್ಷೆ, ಅನಂತರ ಪ್ರಬಂಧ, ಹೀಗೆ ಐದಾರು ವರ್ಷ ಹಿಡಿಯುವುದು ವಾಡಿಕೆ. ಒಳ್ಳೆಯ ವಿಭಾಗಗಳಲ್ಲಿ ಬೋಧನ ಸಹಾಯಕ ಅಥವಾ ಸಂಶೋಧನ ಸಹಾಯಕ ಹುದ್ದೆಯಿಂದ ಶುಲ್ಕವೂ ಜೀವನವೆಚ್ಚವೂ ನಡೆಯುತ್ತವೆ; ಸ್ವಂತ ಹಣ ಸುರಿಯಬೇಕಾದ ಎಂ.ಎಸ್. ವ್ಯಾಸಂಗಕ್ಕೂ ಇದಕ್ಕೂ ಇರುವ ಈ ಅಂತರ ಸಾಲಮಾಡಿ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಿಗೆ ತಿಳಿದಿರುವುದಿಲ್ಲ. ಇಂಗ್ಲೆಂಡಿನಲ್ಲಿ ಅವಧಿ ಮೂರು ನಾಲ್ಕು ವರ್ಷ. ವಿಷಯವನ್ನು ಮೊದಲೇ ನಿರೂಪಿಸಬೇಕು. ಪರದೇಶೀಯರಿಗೆ ಧನಸಹಾಯ ದುರ್ಲಭ. ಜರ್ಮನಿಯಲ್ಲಿ ಬಹುಮಟ್ಟಿಗೆ ಅದೊಂದು ಸಂಬಳದ ಹುದ್ದೆ; ತೆರವಾದ ಜಾಗಕ್ಕೆ ಅರ್ಜಿ ಹಾಕಬೇಕು, ಸ್ನಾತಕೋತ್ತರ ಪದವಿ ಇರಬೇಕು. ಸಾರ್‌ಬ್ರುಕನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಈ ಶಾಸ್ತ್ರಕ್ಕೆ ಪ್ರಸಿದ್ಧ. ನೆದರ್‌ಲೆಂಡ್ಸ್‌ನಲ್ಲಿಯೂ ಹೆಚ್ಚುಕಡಮೆ ಇದೇ ಪದ್ಧತಿ.

ಗಣಕವಿಜ್ಞಾನಕ್ಕೆ ಒಂದು ವಿಶೇಷ ಸಂಪ್ರದಾಯವುಂಟು. ಇತರ ಶಾಸ್ತ್ರಗಳಲ್ಲಿ ಪತ್ರಿಕೆಗೆ ಇರುವ ಸ್ಥಾನ ಇಲ್ಲಿ ಬಹುಮಟ್ಟಿಗೆ ಸಮ್ಮೇಳನಕ್ಕಿದೆ; ಕಠಿಣವಾದ ಪರಿಶೀಲನೆಯನ್ನು ದಾಟಿ ಸಮ್ಮೇಳನದ ಸಂಪುಟದಲ್ಲಿ ಸೇರಿದ ಲೇಖನವೇ ಹೆಚ್ಚಿನ ಮನ್ನಣೆಗೆ ಪಾತ್ರ. ಪದವಿಗೆ ಪತ್ರಿಕಾಪ್ರಕಟಣೆ ಕಡ್ಡಾಯವೆಂದು ನಮ್ಮಲ್ಲಿ ನಿಯಮವಿದ್ದ ಕಾಲದಲ್ಲಿ, ಹಣ ತೆತ್ತರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದುವು. 2022ರ ವಿಧಿಗಳು ಆ ಕಡ್ಡಾಯವನ್ನು ತೆಗೆದುಹಾಕಿವೆ; ಆದರೂ ಆಯಾ ವಿಶ್ವವಿದ್ಯಾನಿಲಯಗಳು ತಮ್ಮದೇ ಕಟ್ಟಳೆಯನ್ನು ಇಟ್ಟುಕೊಂಡಿರಬಹುದು. ಸೇರುವ ಮುನ್ನವೇ ವಿಚಾರಿಸತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ ಮಾರ್ಗದರ್ಶಕರದು. ಇದರಲ್ಲಿ ಚರಿತ್ರಕಾರನ ಉಪಾಯವೇ ಗಣಕವಿದ್ಯಾರ್ಥಿಗೂ ಸಲ್ಲುತ್ತದೆ: ಆಕರಗಳನ್ನು ನೋಡುವುದು. ಭಾರತದ ವಿಶ್ವವಿದ್ಯಾನಿಲಯಗಳ ಮಹಾಪ್ರಬಂಧಗಳು ಶೋಧಗಂಗಾ ಭಂಡಾರದಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ. ಮನಸ್ಸಿನಲ್ಲಿರುವ ಮಾರ್ಗದರ್ಶಕರ ಕೈಕೆಳಗೆ ಸಿದ್ಧವಾದ ಮೂರು ನಾಲ್ಕು ಪ್ರಬಂಧಗಳನ್ನು ತೆಗೆದು ಓದಬೇಕು. ಅವರ ಶಿಷ್ಯರು ಬೇರೆ ಬೇರೆ ಪ್ರಶ್ನೆಗಳನ್ನು ಎತ್ತಿದ್ದಾರೆಯೇ, ಅಥವಾ ಒಂದೇ ಪ್ರಬಂಧವನ್ನು ಅಂಕಿಗಳನ್ನಷ್ಟೇ ಬದಲಿಸಿ ಬರೆದಿದ್ದಾರೆಯೇ ಎಂಬುದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ನೋಂದಣಿಯ ವರ್ಷಕ್ಕೂ ಪ್ರಬಂಧ ಒಪ್ಪಿಸಿದ ವರ್ಷಕ್ಕೂ ಇರುವ ಅಂತರವನ್ನು ಎಣಿಸಬೇಕು. ಕೃತಜ್ಞತೆಯ ಪುಟವನ್ನೂ ಬಿಡಬಾರದು. ಶಿಷ್ಯನು ಯಾರೊಡನೆ ಚರ್ಚಿಸಿದ, ಯಾವ ವೇತನದಿಂದ ಬದುಕಿದ, ಎಷ್ಟು ಬಾರಿ ಮಾರ್ಗದರ್ಶಕರು ಬದಲಾದರು ಎಂಬ ವಿವರಗಳು ಕೆಲವು ವೇಳೆ ಅಲ್ಲಿಯೇ ಇರುತ್ತವೆ. ಇಷ್ಟನ್ನು ಮಾಡಿದ ಮೇಲೆ ಅವರಿಗೆ ಕಾಗದ ಬರೆಯಬಹುದು. ಅದರಲ್ಲಿ ಅವರ ಒಂದು ಲೇಖನವನ್ನು ಹೆಸರಿಸಿ, ಅದನ್ನು ಓದಿದಾಗ ತನಗೆ ಬಗೆಹರಿಯದೆ ಉಳಿದ ಒಂದು ಪ್ರಶ್ನೆಯನ್ನು ಕೇಳಿದರೆ ಸಾಕು, ಅಂಕಪಟ್ಟಿಯನ್ನು ಆಮೇಲೆ ಕಳುಹಿಸಬಹುದು.