ಶಸ್ತ್ರವೈದ್ಯನ ಎರಡು ಹೊಣೆಗಳು

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ಮಲಪನಗುಡಿ ಎಂಬ ಊರಿದೆ. ವಿಜಯನಗರದ ಅರಸರ ಕಾಲದ ಹಳೆಯ ಬಾವಿಯೊಂದು ಅಲ್ಲಿ ಇಂದಿಗೂ ಉಳಿದಿದೆ. ಸುತ್ತಲೂ ಕಾಲುವೆಯ ನೀರುಂಡ ಕಬ್ಬು, ಬಾಳೆ, ಭತ್ತದ ಗದ್ದೆಗಳು. ಇಂತಹ ಊರಿನ ರೈತನೊಬ್ಬನಿಗೆ ನಡುರಾತ್ರಿ ಹೊಟ್ಟೆನೋವು ಕಾಣಿಸಿಕೊಂಡಿತೆಂದು ಭಾವಿಸೋಣ. ನೋವು ಹೊಕ್ಕುಳದ ಬಳಿ ಹುಟ್ಟಿ ಬಲಗಡೆಗೆ ಸರಿಯಿತು, ಜ್ವರ ಏರಿತು, ಹೊಟ್ಟೆ ಹಲಗೆಯಂತೆ ಬಿಗಿಯಿತು. ಕರುಳಿಗೆ ಅಂಟಿಕೊಂಡಿರುವ ಅಪೆಂಡಿಕ್ಸ್ ಎಂಬ ಪುಟ್ಟ ಭಾಗವು ಕೀವು ತುಂಬಿ ಒಡೆದಿದೆ. ಇನ್ನು ಮನೆಮದ್ದಿಗೆ ಅವಕಾಶವಿಲ್ಲ, ಶಸ್ತ್ರಚಿಕಿತ್ಸೆಯೊಂದೇ ದಾರಿ. ಅವನನ್ನು ಹೊಸಪೇಟೆಯ ಆಸ್ಪತ್ರೆಗೆ ಒಯ್ಯಬೇಕು. ರೋಗ ಕೈಮೀರಿದ್ದರೆ ಅಲ್ಲಿಂದ ಸುಮಾರು 60 ಕಿಲೋಮೀಟರು ದೂರದ ಬಳ್ಳಾರಿಗೆ ಸಾಗಿಸಬೇಕು. ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಮುಂದೆ 'ವಿಮ್ಸ್' ಎಂಬ ಹೆಸರಿನಿಂದ ಜನಜನಿತವಾಯಿತು. ಅದರ ಆಸ್ಪತ್ರೆಯು ಸುತ್ತಣ ತಾಲ್ಲೂಕುಗಳ ಬಡವರಿಗೆ ದೊಡ್ಡ ಆಸರೆ.

ಆ ರೈತನನ್ನು ಬದುಕಿಸುವವರು ಯಾರು? ಚಾಕು ಹಿಡಿದ ವೈದ್ಯನೆಂದು ಯಾರಾದರೂ ಥಟ್ಟನೆ ಹೇಳಿಯಾರು. ಆ ಉತ್ತರ ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ನೋವು ತಿಳಿಯದಂತೆ ಮಾಡಿ, ಉಸಿರಾಟವನ್ನೂ ನಾಡಿಯನ್ನೂ ಕಾಯುವ ಅರಿವಳಿಕೆ ತಜ್ಞ ಆ ಹೊತ್ತಿನಲ್ಲಿ ಎಚ್ಚರವಾಗಿರಬೇಕು. ಉಪಕರಣಗಳನ್ನು ಹಬೆಯ ಒತ್ತಡದಲ್ಲಿ ಕಾಯಿಸಿ ರೋಗಾಣುಮುಕ್ತವಾಗಿ ಇಟ್ಟಿರಬೇಕು. ರಕ್ತನಿಧಿಯಲ್ಲಿ ಅವನ ಗುಂಪಿನ ರಕ್ತ ಸಿಗಬೇಕು. ಆಮ್ಲಜನಕದ ಸಿಲಿಂಡರು ಬರಿದಾಗಿರಬಾರದು. ವಿದ್ಯುತ್ತು ಹೋದರೆ ಜನರೇಟರು ಒಡನೆಯೇ ಚಾಲೂ ಆಗಬೇಕು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಇರುಳಿಡೀ ಕಣ್ಣಿಟ್ಟು ನೋಡುವ ದಾದಿಯರು ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅತ್ಯಂತ ನಿಪುಣನಾದ ವೈದ್ಯನ ಶ್ರಮವೂ ನೀರಿನಲ್ಲಿ ಮಾಡಿದ ಹೋಮವಾಗುತ್ತದೆ. ಇವೆಲ್ಲವೂ ಸಕಾಲದಲ್ಲಿ ಒಂದೆಡೆ ಕೂಡುವಂತೆ ಮಾಡುವವನೇ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥ. ಅವನು ವೈದ್ಯನೂ ಹೌದು, ಆಡಳಿತಗಾರನೂ ಹೌದು.

ಈ ಎರಡು ಹೊಣೆಗಳು ಕೆಲವೊಮ್ಮೆ ಒಂದನ್ನೊಂದು ಎಳೆದಾಡುತ್ತವೆ. ವೈದ್ಯನ ಮುಂದೆ ಇರುವವನು ಒಬ್ಬ ರೋಗಿ. ಅವನಿಗಾಗಿ ಆಸ್ಪತ್ರೆಯಲ್ಲಿರುವುದನ್ನೆಲ್ಲ ವಿನಿಯೋಗಿಸಬೇಕೆಂದು ವೈದ್ಯನ ಮನಸ್ಸು ಬಯಸುತ್ತದೆ. ಆಡಳಿತಗಾರನ ಮುಂದೆ ಇರುವವರು ಎಲ್ಲ ರೋಗಿಗಳು. ಒಂದೇ ರಾತ್ರಿ ಮೂವರು ಬಂದರೆಂದು ತಿಳಿಯಿರಿ: ಅಪೆಂಡಿಕ್ಸ್ ಒಡೆದ ರೈತ, ಲಾರಿ ಅಪಘಾತದಲ್ಲಿ ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಯುವಕ, ಕಾಲುಮೂಳೆ ಮುರಿದುಕೊಂಡ ಮುದುಕಿ. ಶಸ್ತ್ರಚಿಕಿತ್ಸೆಯ ಮೇಜು ಒಂದೇ. ಮೊದಲು ಬಂದವನಿಗೆ ಮೊದಲು ಎಂಬ ಅಂಗಡಿಯ ನ್ಯಾಯ ಇಲ್ಲಿ ಸಲ್ಲದು. ಹೆಚ್ಚು ನರಳುವವನಿಗೆ ಮೊದಲು ಎಂಬುದೂ ಸರಿಯಲ್ಲ. ಒಳಗೆ ರಕ್ತ ಸೋರುವವನು ಸದ್ದಿಲ್ಲದೆ ಕುಸಿಯುತ್ತಾನೆ. ಯಾರಿಗೆ ನಿಮಿಷಗಳ ಲೆಕ್ಕವಿದೆಯೋ ಅವನು ಮೊದಲು, ಯಾರಿಗೆ ಗಂಟೆಗಳ ಅವಕಾಶವಿದೆಯೋ ಅವನು ಅನಂತರ, ಯಾರು ಬೆಳಗಿನವರೆಗೆ ಕಾಯಬಲ್ಲರೋ ಅವರು ಕೊನೆಗೆ. ಆದುದರಿಂದ ಯುವಕ, ರೈತ, ಮುದುಕಿ ಎಂಬುದೇ ಅಲ್ಲಿಯ ಸರದಿ. ಕಾಯುವವರ ನೋವನ್ನು ತಗ್ಗಿಸಿ, ಅವರ ಮನೆಯವರಿಗೆ ಕಾರಣವನ್ನು ತಿಳಿಯಹೇಳುವುದೂ ಮುಖ್ಯಸ್ಥನ ಕರ್ತವ್ಯವೇ. ಪ್ರಭಾವಶಾಲಿಯೊಬ್ಬನು ತನ್ನ ಬಂಧುವಿಗಾಗಿ ಸರದಿಯನ್ನು ಮುರಿಯಲು ಒತ್ತಾಯಿಸಿದಾಗ 'ಆಗದು' ಎನ್ನುವ ಧೈರ್ಯವೂ ಅವನಿಗೆ ಬೇಕು. ಆ ಒಂದು ಮಾತು ಬಾಯಿಂದ ಬಾರದಿದ್ದರೆ ದಿಕ್ಕಿಲ್ಲದವನ ಪ್ರಾಣ ಹೋಗಬಹುದು.

ವಿಭಾಗವೊಂದರ ಕಟ್ಟುಪಾಡು ಎಷ್ಟು ಪ್ರಾಣಗಳನ್ನು ಉಳಿಸಬಲ್ಲದು ಎಂಬುದಕ್ಕೆ ಜೋಸೆಫ್ ಲಿಸ್ಟರನ ಕಾರ್ಯವು ಶ್ರೇಷ್ಠ ನಿದರ್ಶನ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಆಸ್ಪತ್ರೆಯಲ್ಲಿ ಅವನು ಶಸ್ತ್ರವೈದ್ಯನಾಗಿದ್ದನು. ಆಗ ಕೈಕಾಲು ಕತ್ತರಿಸಿಕೊಂಡವರಲ್ಲಿ ಅನೇಕರು ಗಾಯ ಕೊಳೆತು ಸಾಯುತ್ತಿದ್ದರು. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳು ಕಾರಣವೆಂದು ಲೂಯಿ ಪಾಶ್ಚರನು ತೋರಿಸಿದ್ದನ್ನು ಲಿಸ್ಟರನು ಓದಿದನು. 1865ರಲ್ಲಿ, ಗಾಡಿಯ ಚಕ್ರ ಹರಿದು ಕಾಲು ಮುರಿದುಕೊಂಡ 11 ವರ್ಷದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಕಟ್ಟಿದನು. ಗಾಯ ಮಾಯಿತು, ಬಾಲಕನು ಕಾಲುಳಿಸಿಕೊಂಡು ಮನೆಗೆ ನಡೆದನು. ಆದರೆ ಲಿಸ್ಟರನು ಒಂದು ಗಾಯಕ್ಕೆ ತೃಪ್ತನಾಗಲಿಲ್ಲ. ವೈದ್ಯರ ಕೈಗಳು, ಉಪಕರಣಗಳು, ಪಟ್ಟಿಗಳು ಎಲ್ಲವೂ ಶುದ್ಧಿಯಾಗಬೇಕೆಂಬ ನಿಯಮವನ್ನು ತನ್ನ ವಾರ್ಡುಗಳಲ್ಲಿ ಆಚರಣೆಗೆ ತಂದನು. ಈ ಪದ್ಧತಿಗೆ ಮೊದಲು ಅವನು ಅಂಗಚ್ಛೇದನ ಮಾಡಿದ 35 ಮಂದಿಯಲ್ಲಿ 16 ಮಂದಿ ಸತ್ತಿದ್ದರು. ಅನಂತರದ 40 ಮಂದಿಯಲ್ಲಿ ಸತ್ತವರು 6 ಮಂದಿ. ಅವನ ಚಾಕು ಮೊದಲಿಗಿಂತ ಹರಿತವಾಗಿರಲಿಲ್ಲ. ಬದಲಾದದ್ದು ವಿಭಾಗದ ನಡವಳಿಕೆ.

ಲಿಸ್ಟರನು ಸತ್ತವರ ಸಂಖ್ಯೆಯನ್ನು ಮುಚ್ಚಿಡದೆ ಎಣಿಸಿದ್ದರಿಂದಲೇ ಲೋಕಕ್ಕೆ ಈ ಸತ್ಯ ತಿಳಿಯಿತು. ಮುಖ್ಯಸ್ಥನ ಕರ್ತವ್ಯಗಳಲ್ಲಿ ಅತ್ಯಂತ ಕಠಿಣವಾದುದು ಇದೇ. ಅಮೆರಿಕದ ಬಾಸ್ಟನ್ ನಗರದ ಅರ್ನೆಸ್ಟ್ ಕಾಡ್‌ಮನ್ ಎಂಬ ಶಸ್ತ್ರವೈದ್ಯನು ಪ್ರತಿಯೊಬ್ಬ ರೋಗಿಗೂ ಒಂದು ಚೀಟಿಯನ್ನಿಟ್ಟು, ಅವನು ಮನೆಗೆ ಹೋದಮೇಲೂ ಗುಣವಾದನೇ ಇಲ್ಲವೇ ಎಂಬುದನ್ನು ಬರೆದಿಡಬೇಕೆಂದು ವಾದಿಸಿದನು. ಹಿರಿತನವನ್ನು ನೋಡಿ ಪದವಿ ಕೊಡುವ ಪದ್ಧತಿಯನ್ನು ವಿರೋಧಿಸಿ 1914ರಲ್ಲಿ ತಾನಿದ್ದ ದೊಡ್ಡ ಆಸ್ಪತ್ರೆಯನ್ನೇ ತೊರೆದನು. ತನ್ನ ಸ್ವಂತ ಚಿಕ್ಕ ಆಸ್ಪತ್ರೆಯಲ್ಲಿ 1911ರಿಂದ 1916ರವರೆಗೆ ಚಿಕಿತ್ಸೆ ಪಡೆದು ಹೊರಟ 337 ರೋಗಿಗಳ ವಿಷಯದಲ್ಲಿ ಆದ 123 ತಪ್ಪುಗಳನ್ನು ತಾನೇ ಅಚ್ಚುಹಾಕಿಸಿ ಪ್ರಕಟಿಸಿದನು. ಸಹೋದ್ಯೋಗಿಗಳು ಅವನನ್ನು ದೂರಮಾಡಿದರು. ಆದರೆ ಅವನು ಬಿತ್ತಿದ ಬೀಜ ಮೊಳೆಯದೆ ಹೋಗಲಿಲ್ಲ. ಇಂದು ಒಳ್ಳೆಯ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ಸಾವುಗಳನ್ನೂ ತೊಡಕುಗಳನ್ನೂ ಪರಿಶೀಲಿಸುವ ಸಭೆ ನಿಯಮಿತವಾಗಿ ನಡೆಯುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆ 'ಯಾರ ತಪ್ಪು?' ಎಂಬುದಷ್ಟೇ ಅಲ್ಲ. 'ಇದು ಮತ್ತೆ ಆಗದಂತೆ ಏನು ಮಾಡಬೇಕು?' ಎಂಬುದು. ಗದರಿಸುವ ಮುಖ್ಯಸ್ಥನ ಮುಂದೆ ಕಿರಿಯರು ತಪ್ಪನ್ನು ಅಡಗಿಸುತ್ತಾರೆ. ಅಡಗಿದ ತಪ್ಪು ಇನ್ನೊಬ್ಬ ರೋಗಿಯನ್ನು ಬಲಿ ತೆಗೆದುಕೊಳ್ಳುತ್ತದೆ.

ತಪ್ಪುಗಳನ್ನು ಮೊದಲೇ ತಡೆಯಲು ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ 19 ಅಂಶಗಳ ಒಂದು ತಾಳೆಪಟ್ಟಿಯನ್ನು ಹೊರತಂದಿತು. ಅರಿವಳಿಕೆಗೆ ಮೊದಲು, ಚರ್ಮವನ್ನು ಕೊಯ್ಯುವ ಮೊದಲು, ರೋಗಿಯು ಕೊಠಡಿಯಿಂದ ಹೊರಡುವ ಮೊದಲು ಇದನ್ನು ಗಟ್ಟಿಯಾಗಿ ಓದಿ ಒಪ್ಪಿಸಬೇಕು. ರೋಗಿಯ ಹೆಸರೇನು, ಯಾವ ಭಾಗಕ್ಕೆ ಶಸ್ತ್ರಚಿಕಿತ್ಸೆ, ಬಳಸಿದ ಬಟ್ಟೆಯ ತುಂಡುಗಳ ಲೆಕ್ಕ ಸರಿಯಾಗಿದೆಯೇ ಎಂಬಂತಹ ಸರಳ ಪ್ರಶ್ನೆಗಳು ಅದರಲ್ಲಿವೆ. ದೆಹಲಿಯೂ ಸೇರಿದಂತೆ ಲೋಕದ 8 ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಸಾವಿನ ಪ್ರಮಾಣವು ಶೇಕಡಾ 1.5ರಿಂದ 0.8ಕ್ಕೆ ಇಳಿದುದು 2009ರಲ್ಲಿ ಪ್ರಕಟವಾಯಿತು. ಪಟ್ಟಿ ಬರಿಯ ಕಾಗದ. ಕಿರಿಯ ದಾದಿಯೊಬ್ಬಳು 'ಡಾಕ್ಟರೇ, ಒಂದು ತುಂಡು ಕಡಿಮೆಯಿದೆ, ಹೊಲಿಗೆ ಹಾಕಬೇಡಿ' ಎಂದು ಹೇಳಬಲ್ಲ ವಾತಾವರಣವಿದ್ದರೆ ಮಾತ್ರ ಅದಕ್ಕೆ ಜೀವ. ಆ ವಾತಾವರಣವನ್ನು ಕಟ್ಟುವವನು ಮುಖ್ಯಸ್ಥ.

ಕರ್ನಾಟಕದಲ್ಲಿ ಈ ಎರಡು ಹೊಣೆಗಳನ್ನೂ ಹೊತ್ತವರಲ್ಲಿ ಡಾ. ಆರ್. ಎಂ. ವರ್ಮ ಅವರು ಸ್ಮರಣೀಯರು. ಮೆದುಳಿನ ಶಸ್ತ್ರಚಿಕಿತ್ಸೆ ನಮ್ಮ ದೇಶದಲ್ಲಿ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಅವರು ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಆ ವಿಭಾಗವನ್ನು ಕಟ್ಟಿ ಬೆಳೆಸಿದರು. ಪಾರ್ಕಿನ್ಸನ್ ರೋಗದಿಂದ ಕೈನಡುಗುವವರಿಗೆ ತಮ್ಮದೇ ಆದ ಶಸ್ತ್ರಚಿಕಿತ್ಸೆಯ ವಿಧಾನವನ್ನು ರೂಪಿಸಿದರು. 1974ರಲ್ಲಿ ಆ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ 'ನಿಮ್ಹಾನ್ಸ್' ಆದಾಗ, ಅದರ ಮೊದಲ ನಿರ್ದೇಶಕರಾದವರೂ ಅವರೇ. ಶಸ್ತ್ರವೈದ್ಯನ ಕುರ್ಚಿಯಿಂದ ಸಂಸ್ಥೆಯ ಕುರ್ಚಿಗೆ ಅವರು ಹೀಗೆ ನಡೆದರು.

ಬೀಳಗಿಯಲ್ಲಿ 1916ರಲ್ಲಿ ಜನಿಸಿದ ನೇತ್ರತಜ್ಞ ಡಾ. ಎಂ. ಸಿ. ಮೋದಿ ಅವರದು ಇನ್ನೊಂದು ಬಗೆ. ಅವರು ಆಸ್ಪತ್ರೆಯನ್ನೇ ಹಳ್ಳಿಗಳ ಬಾಗಿಲಿಗೆ ಒಯ್ದರು. ಒಂದು ದಿನದಲ್ಲಿ ಅವರು 833 ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಳನ್ನು ಮಾಡಿದುದನ್ನು ಗಿನ್ನೆಸ್ ದಾಖಲೆಯ ಪುಸ್ತಕ ಗುರುತಿಸಿದೆ. ಒಬ್ಬನ ಕೈಚಳಕದಿಂದ ಮಾತ್ರ ಇದು ಸಾಧ್ಯವೇ? ರೋಗಿಗಳನ್ನು ಸಾಲಾಗಿ ಸಿದ್ಧಪಡಿಸುವವರು, ಉಪಕರಣಗಳನ್ನು ಶುದ್ಧಿಮಾಡುವವರು, ಕಣ್ಣಿಗೆ ಪಟ್ಟಿ ಕಟ್ಟುವವರು, ಅನ್ನ ಬೇಯಿಸಿ ಬಡಿಸುವವರು ಎಲ್ಲರೂ ಶಿಬಿರವೆಂಬ ಒಂದೇ ಯಂತ್ರದ ಕೀಲುಗಳಂತೆ ದುಡಿಯದೆ ಅದು ನಡೆಯುವಂತಿರಲಿಲ್ಲ.

ಮುಖ್ಯಸ್ಥನಾದವನು ಮುಂದಿನ ಪೀಳಿಗೆಯನ್ನೂ ತಯಾರು ಮಾಡಬೇಕು. ಶಿಷ್ಯರು ರೋಗಿಯನ್ನು ಮುಟ್ಟುವ ಮೊದಲು ಕುಂಬಳ, ಸೌತೆಗಳಂತಹ ಕಾಯಿಗಳ ಮೇಲೆ ಕೊಯ್ಯುವ ಅಭ್ಯಾಸ ಮಾಡಬೇಕೆಂದು ಪ್ರಾಚೀನ ಭಾರತದ ಸುಶ್ರುತನು ವಿಧಿಸಿದ್ದನು. ಎಲ್ಲ ಕಠಿಣ ಶಸ್ತ್ರಚಿಕಿತ್ಸೆಗಳನ್ನೂ ತಾನೇ ಮಾಡುವ ಮುಖ್ಯಸ್ಥನಿಗೆ ಕೀರ್ತಿ ಬರಬಹುದು. ಅವನು ನಿವೃತ್ತನಾದ ಮರುದಿನ ವಿಭಾಗ ಅನಾಥವಾಗುತ್ತದೆ. ಕಿರಿಯನ ಕೈಗೆ ಚಾಕು ಕೊಟ್ಟು, ತಾನು ಪಕ್ಕದಲ್ಲಿ ನಿಂತು, ಬೇಕಾದಾಗ ಮಾತ್ರ ಕೈ ನೀಡುವುದು ಹೆಚ್ಚಿನ ಸಂಯಮವನ್ನು ಬೇಡುತ್ತದೆ. ಅದೇ ರೀತಿ, ಕಡತಗಳಲ್ಲಿ ಮುಳುಗಿ ಶಸ್ತ್ರಚಿಕಿತ್ಸಾ ಕೊಠಡಿಯ ದಾರಿಯನ್ನೇ ಮರೆತವನ ಮಾತಿಗೆ ಅಲ್ಲಿ ಬೆಲೆ ಉಳಿಯದು. ಕೈಯೂ ಪಳಗಿರಬೇಕು, ಲೆಕ್ಕವೂ ತಿಳಿದಿರಬೇಕು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಆಸ್ಪತ್ರೆಯ ಮೇಲಿನ ಜನರ ನಂಬಿಕೆಗೂ ಸಲ್ಲುತ್ತದೆ. ವರ್ಷಗಟ್ಟಲೆ ಕಟ್ಟಿದ ನಂಬಿಕೆ ಒಂದು ಇರುಳಿನ ಅಲಕ್ಷ್ಯದಿಂದ ಒಡೆದುಹೋಗುತ್ತದೆ. ಆ ನಂಬಿಕೆ ಒಡೆದರೆ ಹಳ್ಳಿಯ ರೋಗಿ ಆಸ್ಪತ್ರೆಗೆ ಬರಲು ಹಿಂಜರಿಯುತ್ತಾನೆ. ತಡವಾಗಿ ಬಂದವನನ್ನು ಉಳಿಸುವುದು ಇನ್ನಷ್ಟು ಕಷ್ಟವಾಗುತ್ತದೆ. ಗುಣವಾಗಿ ಮನೆಗೆ ಮರಳುವವನು ತನಗೆ ಹೊಲಿಗೆ ಹಾಕಿದ ವೈದ್ಯನನ್ನು ನೆನೆಯುತ್ತಾನೆ. ಸಿಲಿಂಡರು ತುಂಬಿತ್ತೆಂಬುದು, ರಕ್ತ ಸಿದ್ಧವಿತ್ತೆಂಬುದು, ಬಟ್ಟೆಯ ತುಂಡುಗಳನ್ನು ಎರಡು ಬಾರಿ ಎಣಿಸಿದ್ದರೆಂಬುದು ಅವನಿಗೆ ತಿಳಿಯದು. ಯಾರ ಕಣ್ಣಿಗೂ ಬೀಳದ ಈ ಕೆಲಸವನ್ನು ದಿನವೂ ತಪ್ಪದೆ ನಡೆಸುವುದರಲ್ಲಿಯೇ ಶಸ್ತ್ರಚಿಕಿತ್ಸಾ ವಿಭಾಗದ ನಾಯಕತ್ವದ ಸಾರ್ಥಕತೆಯಿದೆ.